ಜಂತಿಗೆ ತೂಗಿದ ಗೊನೆ

ನಮ್ಮ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿರಲಿಲ್ಲ. ಹೇಳಬೇಕಾದರೆ ಒಡಪಿನಲ್ಲೇ ಹೇಳಬೇಕು. ನಾಲ್ಕು ಸಾಲಿನ ಪದ್ಯ ಕಟ್ಟಿ, ಅದರ ಕೊನೆಯಲ್ಲೆಲ್ಲೋ ಹೆಸರನ್ನು ಸಿಕ್ಕಿಸಿ, ಹೇಳಿಯೂ ಹೇಳದವಳ ಹಾಗೆ ತಲೆ ತಗ್ಗಿಸಬೇಕು. ಮದುವೆಯಾಗಿ ಬಂದವಳು ಗಂಡನ ಮನೆಯ ಹೊಸ್ತಿಲಲ್ಲಿ ನಿಂತು ಒಡಪು ಹೇಳದೆ ನಾದಿನಿಯರು ಬಾಗಿಲು ಬಿಡುತ್ತಿರಲಿಲ್ಲ. ನಾನೂ ಹೇಳಿದೆ. ನಾನೇ ಕಟ್ಟಿದ್ದನ್ನು ಹೇಳಿದೆ. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನಗೆ ಜಂಬವೇ. ಜಂಬ ಒಳ್ಳೆಯದಲ್ಲ ಎನ್ನುವವರು ಅನ್ನಲಿ, ಅವರು ಒಂದು ಸಾಲನ್ನೂ ಕಟ್ಟಿದವರಲ್ಲ.

ನಮ್ಮ ತಂದೆ ಕಲಬುರಗಿಯ ಬಜಾರಿನಲ್ಲಿ ಜೋಳದ ವ್ಯಾಪಾರ ಮಾಡುತ್ತಿದ್ದರು. ಮನೆ ಕೋಟೆಯ ಹತ್ತಿರದ ಓಣಿಯಲ್ಲಿ. ಅದು ನಿಜಾಮರ ಕಾಲ. ಸಾಲೆಯಲ್ಲಿ ಕಲಿಸುತ್ತಿದ್ದುದು ಉರ್ದು, ಅದೂ ಗಂಡುಮಕ್ಕಳಿಗೆ. ಮಠದ ಅಯ್ಯನವರೊಬ್ಬರು ಮನೆಗೆ ಬಂದು ನನಗೆ ಕನ್ನಡ ಅಕ್ಷರ ತಿದ್ದಿಸಿದರು. ಪದ ಕಟ್ಟುವ ಹುಚ್ಚನ್ನು ಮಾತ್ರ ಯಾರೂ ಕಲಿಸಲಿಲ್ಲ, ಬೀಸುವ ಕಲ್ಲಿನ ಮುಂದೆ ಕೂತು ಕೂತು ತಾನಾಗಿಯೇ ಹಿಡಿಯಿತು.

ಕಮಲಾಪುರದ ತೋಟದವರ ಮನೆಗೆ ನನ್ನನ್ನು ಕೊಡುವುದೆಂದು ನಿಶ್ಚಯವಾಯಿತು. ಬಾಳೆ ಬೆಳೆಯುವ ಮನೆತನ, ಒಬ್ಬನೇ ಮಗ. ಮುಹೂರ್ತ ನೋಡುವಷ್ಟರಲ್ಲಿ ಹುಡುಗನ ತಂದೆ ತೀರಿಕೊಂಡರು. ವರ್ಷದ ಸೂತಕ ಮುಗಿಯುವ ಹೊತ್ತಿಗೆ ಅವರ ಅಜ್ಜಿಯೂ ಹೋದರು. ಮದುವೆ ಮುಂದೆ ಮುಂದೆ ಹೋಯಿತು. ನನಗೆ ಇಪ್ಪತ್ತು ದಾಟಿತು. ಓಣಿಯ ಹೆಂಗಸರು ನೀರಿಗೆ ಬಂದಾಗ ನನ್ನನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಕಾಲ್ಗುಣ ಎಂಬ ಮಾತು ಕಮಲಾಪುರದಲ್ಲೂ ಎದ್ದಿದೆ, ತೀರಿಹೋದ ಮಾವನವರ ಅಕ್ಕನೇ ಅದನ್ನು ಆಡಿದ್ದಾರೆ ಎಂದು ಯಾರೋ ಬಂದು ಹೇಳಿದರು. ನನ್ನ ತಾಯಿ ಅಂದು ಊಟ ಮಾಡಲಿಲ್ಲ. ಕಾಲಿಡುವ ಮೊದಲೇ ಕಾಲ್ಗುಣ ಕೆಟ್ಟವಳು ಅನ್ನಿಸಿಕೊಂಡವಳು ಆ ಮನೆಯಲ್ಲಿ ಬಾಳುವುದು ಹೇಗೆ ಎಂಬುದೇ ಅವರ ಚಿಂತೆ.

ಆ ಕಾಯುವ ಕಾಲದಲ್ಲಿ ಹಬ್ಬ ಬಂದಾಗಲೆಲ್ಲ ಆ ಮನೆಯಿಂದ ಒಂದು ಗೊನೆ ಕೆಂಪು ಬಾಳೆ ಬರುತ್ತಿತ್ತು. ಬಂಡಿಯಲ್ಲಿ ಹುಲ್ಲು ಹಾಸಿ, ಕೂಸನ್ನು ಮಲಗಿಸಿದ ಹಾಗೆ ಮಲಗಿಸಿ ತರುತ್ತಿದ್ದರು. ನಮ್ಮಪ್ಪ ಅದನ್ನು ನಡುಮನೆಯ ಜಂತಿಗೆ ತೂಗಹಾಕುತ್ತಿದ್ದರು. ಹಳದಿ ಬಾಳೆಯಾದರೆ ಇವತ್ತು ಕಾಯಿ, ನಾಳೆ ಹಣ್ಣು. ಇದು ಹಾಗಲ್ಲ. ಬರುವಾಗಲೇ ಕೆಂಪಗಿರುತ್ತದೆ, ಹಣ್ಣಾಗಿದೆಯೆಂದು ಮೋಸ ಹೋಗಬೇಕು. ನಾನು ದಿನಾ ಅದರ ಕೆಳಗೆ ನಿಂತು ನೋಡುತ್ತಿದ್ದೆ. ಒಂದು ಬೆಳಗ್ಗೆ ಏಳುವಾಗಲೇ ಇಡೀ ಮನೆ ಘಮ್ಮೆನ್ನುತ್ತಿತ್ತು. ಆ ಹುಡುಗನನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುವ, ಮಾತು ಕಡಿಮೆಯ ಮನುಷ್ಯ. ಗೊನೆ ನೋಡಿದಾಗಲೆಲ್ಲ ಅವರ ನೆನಪಾಗುತ್ತಿತ್ತು. ಆಸೆಯೂ ಆಗುತ್ತಿತ್ತು, ಅದನ್ನು ಹೇಳಲು ನನಗೀಗ ಯಾವ ನಾಚಿಕೆಯೂ ಇಲ್ಲ.

ಮದುವೆ ಕೊನೆಗೂ ಕೂಡಿಬಂತು. ತಾಯಿ ಒಡಪುಗಳ ಪಾಠ ಶುರು ಮಾಡಿದರು. ಎಲ್ಲವೂ ಬೆಳ್ಳಿಯ ತಟ್ಟೆ, ಬಂಗಾರದ ಬಟ್ಟಲು, ಮುತ್ತಿನ ಹಾರದವು. ನಮ್ಮ ಮನೆಯಲ್ಲಿದ್ದುದು ತಾಮ್ರದ ತಂಬಿಗೆ. ನೋಡದ ಬಟ್ಟಲನ್ನು ಹೊಗಳಿ ಗಂಡನ ಹೆಸರು ಹೇಳಲು ನನಗೆ ಮನಸ್ಸಾಗಲಿಲ್ಲ. ನನ್ನ ಕಣ್ಣು ಜಂತಿಯ ಕಡೆಗೇ ಹೋಯಿತು. ಅಲ್ಲಿಂದಲೇ ಪದ್ಯ ಇಳಿದು ಬಂತು. ಇದೇ ಅದು:

ಜಂತಿಗಿ ತೂಗಿದ ಕೆಂಪು ಬಾಳಿಗಿ ಅವಸರ ಅನ್ನೂದಿಲ್ಲ,
ದಿನಾ ನೋಡತ ಕಾಯ್ದವಳೀಗಿ ಬ್ಯಾಸರ ಅನ್ನೂದಿಲ್ಲ,
ಹಣ್ಣಾದ ದಿನದ ಮನಿತುಂಬ ವಾಸನಿ ಮುಚ್ಚಿಡಾಕಾಗೂದಿಲ್ಲ,
— ರಾಯರ ಹೆಸರ ನನ್ನ ಬಾಯಾಗ ಇನ್ನ ನಿಲ್ಲೂದಿಲ್ಲ.

ಆ ಗೆರೆ ಎಳೆದ ಜಾಗದಲ್ಲಿ ಅವರ ಹೆಸರಿತ್ತು. ಬರೆಯುವುದಿಲ್ಲ. ಬಾಯಲ್ಲಿ ಒಮ್ಮೆ ಹೇಳಿದ್ದೇ ಸಾಕು.

ಕಲಬುರಗಿಯಿಂದ ಬಂಡಿಯಲ್ಲಿ ಹೊರಟು, ಕಪನೂರ ದಾಟಿ, ಜೋಳದ ಹೊಲಗಳ ನಡುವೆ ದಿನವಿಡೀ ಸಾಗಿ, ಕಮಲಾಪುರ ಸೇರುವಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ನಾದಿನಿಯರು ಅಡ್ಡ ನಿಂತಿದ್ದರು. ಅವರ ಹಿಂದೆ ಕಂಬಕ್ಕೆ ಒರಗಿ ಮಾವನವರ ಅಕ್ಕ ಕೂತಿದ್ದರು. ಮನೆಯೆಲ್ಲ ಅವರನ್ನು ದೊಡ್ಡತ್ತಿ ಎನ್ನುತ್ತಿತ್ತು. ನನ್ನ ಅತ್ತೆ ಗಂಡನನ್ನು ಕಳೆದುಕೊಂಡವರಾದ್ದರಿಂದ ಮುಂದೆ ಬರದೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದರು.

ನಾನು ತಲೆ ತಗ್ಗಿಸಲು ಮರೆತು, ಒಡಪನ್ನು ಗಟ್ಟಿಯಾಗಿಯೇ ಹೇಳಿದೆ. ಕೊನೆಯ ಸಾಲಿಗೆ ಬರುವಾಗ ನಗುವೂ ಬಂತು. ಮುಗಿಸಿ ನೋಡಿದರೆ ನಾದಿನಿಯರ ಮುಖದಲ್ಲಿ ನಗುವಿಲ್ಲ. ಎಲ್ಲರೂ ದೊಡ್ಡತ್ತಿಯ ಕಡೆ ನೋಡುತ್ತಿದ್ದರು.

"ಏನಂದ್ಲವಾ ಈಕಿ?" ಎಂದರು ದೊಡ್ಡತ್ತಿ. "ಹೊಸ್ತಿಲ ಮ್ಯಾಲ ನಿಂತು ನಾಕ ಸಾಲಿಗೂ ಇಲ್ಲ ಇಲ್ಲ ಅಂತಾಳಲ್ಲ! ಅಕ್ಕಿ ಮುಗದ್ರೂ ನಾವು ಇಲ್ಲ ಅನ್ನೂದಿಲ್ಲ, ಹೆಚ್ಚಾಗ್ಯಾವ ಅಂತೀವಿ. ಅದೂ ಹೋಗ್ಲಿ. ಗಂಡನ್ನ ಜಂತಿಗಿ ತೂಗಿದ ಗೊನಿಗಿ ಹೋಲಸ್ತಾಳ. ಗೊನಿ ಜಂತಿಗಿ ಯಾವಾಗ ಬರ್ತದ? ಗಿಡಾ ಕಡದು ನೆಲಕ್ಕ ಕೆಡವಿದ ಮ್ಯಾಲ. ಈ ಮನ್ಯಾಗ ಆಗ್ಲೇ ಒಂದು ಗಿಡಾ ಬಿದ್ದದ. ಇನ್ನೊಂದು ಕೇಳ್ಲಾಕ ಬಂದಾಳೇನು?"

ಅವರ ದನಿ ನಡುಗುತ್ತಿತ್ತು. ತಮ್ಮನನ್ನು ಕಳೆದುಕೊಂಡ ದುಃಖ ಅದು, ನನ್ನ ಮೇಲಿನ ದ್ವೇಷವಲ್ಲ ಎಂದು ಈಗ ತಿಳಿಯುತ್ತದೆ. ಆಗ ನನಗೆ ಕೇಳಿದ್ದು ಕಾಲ್ಗುಣದ ಮಾತೇ.

ದೊಡ್ಡತ್ತಿ ನನ್ನ ನಾದಿನಿಯೊಬ್ಬಳ ಕಡೆ ತಿರುಗಿ, "ಆಕಿಗಿ ಬೆಳ್ಳಿ ತಟ್ಟಿ ಒಡಪು ಹೇಳಿಕೊಡವಾ. ಅದನ್ನ ಅಂದು ಒಳಗ ಬರ್ಲಿ. ಮೊದ್ಲ ಹೇಳಿದ್ದನ್ನ ಯಾರೂ ಕೇಳಿಲ್ಲ ಅನ್ನೂಣು" ಎಂದರು.

ಬೆಳ್ಳಿ ತಟ್ಟೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಯಾರೂ ಕೇಳಿಲ್ಲ ಎಂದದ್ದು ನನ್ನನ್ನು ಚುಚ್ಚಿತು. ನಾನು ಕಾದ ಕಾಲವೆಲ್ಲ ಆ ನಾಲ್ಕು ಸಾಲಿನಲ್ಲಿತ್ತು. ಅದನ್ನು ಅಪಶಕುನವೆಂದು ನಾನೇ ಒಪ್ಪಿ ಬೇರೆಯದು ಹೇಳಿದರೆ, ಮುಂದೆ ಆ ಮನೆಯಲ್ಲಿ ಹಾಲು ಒಡೆದರೂ ಅದು ನನ್ನ ಕಾಲ್ಗುಣವೇ. ನಿಂತಲ್ಲಿಂದಲೇ ಹೇಳಿದೆ.

"ದೊಡ್ಡತ್ತಿ, ಸಿಟ್ಟಾಗಬ್ಯಾಡ್ರಿ. ನಾ ಇಲ್ಲ ಅಂದದ್ದು ಏನೇನು, ಅದನ್ನ ನೋಡ್ರಿ. ಅವಸರ ಇಲ್ಲ ಅಂದೆ. ಬ್ಯಾಸರ ಇಲ್ಲ ಅಂದೆ. ಮುಚ್ಚಿಡೂದು ಇಲ್ಲ ಅಂದೆ. ಇವು ಮನ್ಯಾಗ ಇರಬೇಕಂತೀರೇನು? ಇನ್ನ ಗೊನಿ. ಗಿಡಾ ಹೆಂಗ ಬೀಳ್ತದ, ನಾ ಕಂಡಿಲ್ರಿ. ನಾ ಕಂಡದ್ದು ನಮ್ಮ ಜಂತಿ. ಅಲ್ಲಿ ತೂಗಿದ ಗೊನಿ ನೀವ ಕಳಿಸಿದ್ದು. ಅಪಶಕುನದ್ದಾಗಿದ್ರ ಮದುಮಗಳ ಮನಿಗಿ ಹಬ್ಬಕ್ಕ ಕಳಸ್ತಿದ್ರೇನು? ನೀವು ಪ್ರೀತಿಲೆ ಕಳಸೀರಿ, ನಾ ಪ್ರೀತಿಲೆ ಕಾಯ್ದೀನಿ. ಪದದಾಗ ಅಷ್ಟೇ ಅದ. ಅಂದಾಗ ನಾ ನಗತಿದ್ದೆ, ನೀವ ನೋಡೀರಿ. ಕೆಟ್ಟದ್ದು ಕೇಳಾಕ ಬಂದವರು ನಗ್ತಾರೇನ್ರಿ?"

"ಬಾಯಿ ನೋಡ್ರಿ ಬಾಯಿ!" ಎಂದರು ದೊಡ್ಡತ್ತಿ. ಅಂಗಳದಲ್ಲಿದ್ದವರೆಲ್ಲ ನನ್ನ ಅತ್ತೆ ಏನನ್ನುತ್ತಾರೆಂದು ಕಾದರು. ನನ್ನ ಕಾಲ ಮುಂದೆ ಸೇರು ಹಾಗೇ ನಿಂತಿತ್ತು.

ಆಗ ನನ್ನ ಪಕ್ಕದಲ್ಲಿದ್ದ ಮದುಮಗ ಕೆಮ್ಮಿದರು. ಗಂಡನೂ ಹೆಂಡತಿಯ ಹೆಸರಿಟ್ಟು ಒಡಪು ಹೇಳುವುದು ವಾಡಿಕೆ. ಅವರ ಸರದಿ ಇನ್ನೂ ಬಂದಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅವರು ನೆಲ ನೋಡುತ್ತಾ, ತಮ್ಮ ಎಂದಿನ ನಿಧಾನದಲ್ಲಿ ಶುರು ಮಾಡಿದರು.

"ಜಂತಿಗಿ ತೂಗಿದ ಕೆಂಪು ಬಾಳಿಗಿ ಅವಸರ ಅನ್ನೂದಿಲ್ಲ..."

ನನ್ನ ಪದವೇ! ಒಮ್ಮೆ ಕೇಳಿದ್ದನ್ನು ಒಂದಕ್ಷರ ಬಿಡದೆ ಹಿಡಿದಿದ್ದರು. ಕಾಯ್ದವಳು ಎಂದಿದ್ದಲ್ಲಿ ಕಾಯ್ದವನು ಎಂದರು. ತಮ್ಮ ಹೆಸರಿದ್ದಲ್ಲಿ ನನ್ನ ಹೆಸರು ಇಟ್ಟರು. ಅಷ್ಟು ಜನರ ಮುಂದೆ, ಕಿವಿಯವರೆಗೆ ಕೆಂಪಾಗಿ, ನನ್ನ ಹೆಸರು ತಮ್ಮ ಬಾಯಲ್ಲಿ ಇನ್ನು ನಿಲ್ಲುವುದಿಲ್ಲ ಎಂದರು. ನಾದಿನಿಯರು ಹೋ ಎಂದು ನಕ್ಕರು. ಅಡುಗೆಮನೆಯಿಂದ ಅತ್ತೆಯ ದನಿ ಕೇಳಿಸಿತು: "ಇಬ್ಬರೂ ಒಂದೇ ಅಂದ್ರಲ್ಲ, ಇನ್ನೇನದ? ಒಳಗ ಕರಕೊಂಡ ಬರ್ರಿ."

ಸೇರನ್ನು ಕಾಲಿನಿಂದ ಒದ್ದೆ. ಅಕ್ಕಿ ನಡುಮನೆಯವರೆಗೆ ಹರಡಿತು. ದೊಡ್ಡತ್ತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಾರನೆಯ ಬೆಳಗ್ಗೆ ಅವರೇ ನನ್ನ ತಲೆಗೆ ಎಣ್ಣೆ ಹಚ್ಚಿದರು, ಸ್ವಲ್ಪ ಜೋರಾಗಿಯೇ. ಮುಂದೆ ತಮ್ಮ ಮೊಮ್ಮಗಳ ಮದುವೆಯಲ್ಲಿ ಆ ಒಡಪನ್ನು ಕಲಿಸಿಕೊಟ್ಟವರೂ ಅವರೇ. ಈಗ ಆ ಕಡೆಯ ಎಷ್ಟೋ ಹೊಸ್ತಿಲುಗಳಲ್ಲಿ ಹುಡುಗಿಯರು ಅದನ್ನು ಹೇಳುತ್ತಾರೆ. ಹಳೇ ಕಾಲದಿಂದ ಬಂದದ್ದು ಎನ್ನುತ್ತಾರೆ. ನಾನು ಪಕ್ಕದಲ್ಲಿ ಕೂತು ಹೌದವಾ ಎನ್ನುತ್ತೇನೆ, ಒಳಗೊಳಗೇ ಹಿಗ್ಗುತ್ತೇನೆ.

ಆದರೆ ನನ್ನ ಪದ ನನಗೇ ಪೂರ್ತಿ ತಿಳಿದದ್ದು ಆ ಸಂಜೆಯಲ್ಲ. ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಬುತ್ತಿ ಹೊತ್ತು ತೋಟಕ್ಕೆ ಹೋಗಿದ್ದೆ. ನನ್ನವರು ಗೊನೆ ಇಳಿಸುತ್ತಿದ್ದರು. ಕುಡುಗೋಲಿನ ಏಟಿಗೆ ಗೊನೆ ಅವರ ಹೆಗಲಿಗೆ ಬಂತು. ಇನ್ನೊಂದು ಏಟಿಗೆ ಅಷ್ಟೆತ್ತರದ ಗಿಡ ಉದ್ದಕ್ಕೆ ನೆಲಕ್ಕೆ ಬಿತ್ತು. ಕಡಿದ ಬುಡದಿಂದ ನೀರು ಜಿನುಗಿತು. ನಾನು ಹಿಂದೆ ಸರಿದೆ. ದೊಡ್ಡತ್ತಿಗೆ ಅಂದು ಕಣ್ಣಿಗೆ ಕಟ್ಟಿದ್ದು ಇದೇ ಎಂದು ಆಗ ತಿಳಿಯಿತು.

"ಇದು ಹಿಂಗ ಅಂತ ನಿಮಗ ಗೊತ್ತಿತ್ತಲ್ಲ. ಗೊತ್ತಿದ್ದೂ ನನ್ನ ಪದಾ ಯಾಕ ಅಂದ್ರಿ? ನನ್ನ ಮರ್ಯಾದಿ ಉಳಸಾಕೇನು?" ಎಂದು ಕೇಳಿದೆ.

ಅವರು ಗೊನೆಯನ್ನು ಎಲೆಯ ಮೇಲೆ ಮಲಗಿಸಿದರು. ಕೈ ಒರೆಸಿಕೊಂಡರು. ರೊಟ್ಟಿ ಮುರಿದು ಒಂದು ತುತ್ತು ತಿಂದರು.

"ಮರ್ಯಾದಿ ನೀನ ಉಳಸ್ಕೊಂಡಿದ್ದಿ," ಎಂದರು ಆಮೇಲೆ. "ನೀ ಅಂದಾಗ ಆ ಗೊನ್ಯಾಗ ನನಗ ನಾ ಕಾಣಲಿಲ್ಲ. ನಾ ಇಲ್ಲೇ ಹುಟ್ಟಿ ಇಲ್ಲೇ ಇದ್ದಾಂವ. ತನ್ನ ಗಿಡಾ ಬಿಟ್ಟು, ಬಂಡ್ಯಾಗ ಕುಂತು, ಗೊತ್ತಿಲ್ಲದ ಮನಿಯ ಜಂತ್ಯಾಗ ಹಣ್ಣಾಗಾಕ ಬಂದಾಕಿ ನೀನಲ್ಲೇನು? ಆ ಪದಾ ನಿಂದು. ಅದಕ್ಕ ಅದರಾಗ ನಿನ್ನ ಹೆಸರ ಇಟ್ಟೆ."

ಕಲಬುರಗಿಯ ಮನೆ, ತಾಯಿ, ಕೋಟೆಯ ಹತ್ತಿರದ ಓಣಿ ಎಲ್ಲ ಒಮ್ಮೆಲೇ ನೆನಪಾಗಿ ನಾನು ಅಲ್ಲೇ ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಅವರು ಬಂದು ಪಕ್ಕದಲ್ಲಿ ಕೂತರು. ಸಂಜೆ ಆ ಗೊನೆಯನ್ನು ಮನೆಗೆ ತಂದೆವು. ಅವರು ಎತ್ತಿ ಹಿಡಿದರು, ಜಂತಿಗೆ ಹಗ್ಗ ಕಟ್ಟಿದವಳು ನಾನು.