ಕಬ್ಬಿನ ಪುಸ್ತಕದೊಳಗೆ ಮೂರು ಪುಟಸಂಖ್ಯೆ

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ. ನನ್ನ ಕೈಬರಹ ಸಾಲು ತಪ್ಪಿದ ಇರುವೆಗಳಂತಿದೆ. ಒತ್ತಕ್ಷರಗಳ ವಿಷಯದಲ್ಲಿ ನನಗೆ ಸದಾ ಅನುಮಾನ. ನೌಕರಿಯುದ್ದಕ್ಕೂ ಕಚೇರಿಯ ಪತ್ರಗಳನ್ನಷ್ಟೇ ಬರೆದವನು ಇಂಥ ಬರಹಕ್ಕೆ ಇದೇ ಮೊದಲ ಸಲ ಕೈ ಹಾಕಿದ್ದೇನೆ. ಬರವಣಿಗೆಯ ದೋಷಗಳನ್ನು ಮನ್ನಿಸಬೇಕು. ಬರೆಯುತ್ತಿರುವ ಸಂಗತಿಯಲ್ಲಿ ಮಾತ್ರ ನಾನು ಯಾರನ್ನೂ ಮನ್ನಿಸಿಲ್ಲ ಎಂಬುದನ್ನು ಮೊದಲೇ ತಮ್ಮ ಅವಗಾಹನೆಗೆ ತರುತ್ತೇನೆ.

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಗ್ರಂಥಾಲಯ ಸಹಾಯಕನಾಗಿದ್ದೆ. ನಮ್ಮಲ್ಲಿಲ್ಲದ ಪುಸ್ತಕಗಳನ್ನು ಬೇರೆ ಊರಿನ ಗ್ರಂಥಾಲಯಗಳಿಂದ ಎರವಲು ತರಿಸುವುದು ನನ್ನ ಕೆಲಸಗಳಲ್ಲೊಂದು. ನಮ್ಮ ಗ್ರಂಥಪಾಲಕರಿಗೆ ಈ ಕೆಲಸ ಕಂಡರೆ ಆಗುತ್ತಿರಲಿಲ್ಲ. ತಮ್ಮ ಕಪಾಟಿನಲ್ಲಿ ಇಲ್ಲದ ಪುಸ್ತಕ ಭೂಮಿಯ ಮೇಲೆಯೇ ಇಲ್ಲ ಎಂಬುದು ಅವರ ಸಿದ್ಧಾಂತ. ಕಪಾಟಿನಲ್ಲಿ ಇರುವುದೇನೆಂಬುದೂ ಅವರಿಗೆ ಪೂರ್ತಿ ತಿಳಿದಿರಲಿಲ್ಲವೆನ್ನುವುದು ಬೇರೆ ಮಾತು.

ಒಂದು ಮಧ್ಯಾಹ್ನ ರಬಕವಿಯಿಂದ ಒಬ್ಬ ಶಿಕ್ಷಕಿ ಬಂದರು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತ, ಕೈಮಗ್ಗದ ಸೀರೆಗಳ ದಡಿಯ, ಅಂದರೆ ಅಂಚಿನ, ಮೇಲೆ ಸಂಶೋಧನಾ ಪ್ರಬಂಧ ಬರೆಯುತ್ತಿದ್ದರು. ಅವರ ತಂದೆ ನೇಕಾರರು. ದಡಿಯ ನಕ್ಷೆಗಳನ್ನು ಚೌಕಳಿ ಹಾಳೆಯಲ್ಲಿ ತೋರಿಸುವ ಒಂದು ಸಣ್ಣ ಪುಸ್ತಕವನ್ನು ನೋಡಿಯೇ ಆ ಹಿರಿಯರು ಎಳೆಯ ವಯಸ್ಸಿನಲ್ಲಿ ಕೆಲಸ ಕಲಿತಿದ್ದರಂತೆ. ಮಗಳು ಅದರ ಮೇಲೆ ಇಡೀ ಒಂದು ಅಧ್ಯಾಯ ಬರೆದಿದ್ದರು. ಅವರ ಮಾರ್ಗದರ್ಶಕರು, "ಪುಸ್ತಕ ಕಣ್ಣಿಗೆ ತೋರಸ್ರಿ, ಇಲ್ಲಾಂದ್ರ ಆ ಅಧ್ಯಾಯ ತಗದು ಒಗೀರಿ. ಮುದುಕರ ನೆನಪು ಆಧಾರ ಆಗೂದಿಲ್ಲ" ಎಂದು ಒಂದು ತಿಂಗಳ ಗಡುವು ಕೊಟ್ಟಿದ್ದರು.

"ನಮ್ಮಪ್ಪಾರು ಸುಳ್ಳು ಹೇಳೂ ಮನಶ್ಯಾ ಅಲ್ರಿ. ಅಧ್ಯಾಯ ತಗದ್ರ ಅವರನ್ನ ಸುಳ್ಳ ಮಾಡಿದಂಗ ಆಕ್ಕೈತಿ" ಎಂದರು ಶಿಕ್ಷಕಿ.

ನಮ್ಮ ಗ್ರಂಥಪಾಲಕರು ಕುರ್ಚಿಯಿಂದ ಏಳದೆಯೇ, "ಇಲ್ಲ ಅಂತ ಬರದು ಕೊಡ್ರಿ, ಪಾಪ, ಹೋಗ್ಲಿ" ಎಂದು ನನಗೆ ಆದೇಶಿಸಿದರು. ನಾನು ಬರೆದುಕೊಡಲಿಲ್ಲ. ನೌಕರಿಯಲ್ಲಿ ನಾನು ಮಾಡಿದ ಮೊದಲ ಅವಿಧೇಯತೆ ಅದು.

ಆ ಹೊತ್ತಿಗೆ ಸುತ್ತಲಿನ ಗ್ರಂಥಾಲಯಗಳ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದರು. ಹೆಸರು ಹಾಕಿ ಹುಡುಕಿದರೆ ದಡಿಯ ಪುಸ್ತಕ ಸಿಗಲಿಲ್ಲ. ಜಾಣರೆನಿಸಿಕೊಂಡವರು ಅಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಆದರೆ ಪುಸ್ತಕದ ದಾಖಲೆಯಲ್ಲಿ ಹೆಸರೊಂದೇ ಇರುವುದಿಲ್ಲ. ಎಷ್ಟು ಪುಟ, ಎಷ್ಟು ಉದ್ದ, ಚಿತ್ರಗಳಿವೆಯೇ ಎಂಬುದೆಲ್ಲ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ನಾನು ದಿನವೂ ಸಂಜೆ ಅದನ್ನೇ ಓದುತ್ತ ಹೋದೆ. ಎರಡನೆಯ ವಾರದಲ್ಲಿ, ಮುಧೋಳದ ಒಂದು ಗ್ರಂಥಾಲಯದ ಹೆಸರಿನಲ್ಲಿ, ಕಬ್ಬಿನ ಬೇಸಾಯದ ಪುಸ್ತಕವೊಂದರ ದಾಖಲೆ ಕಣ್ಣಿಗೆ ಬಿತ್ತು. ಪುಟಗಳು: ೪೦, ೩೨, ೫೬. ಚಿತ್ರಗಳು: ಬಣ್ಣದ ಚೌಕಳಿ.

ಒಂದು ಪುಸ್ತಕಕ್ಕೆ ಮೂರು ಪುಟಸಂಖ್ಯೆ ಏಕೆ? ಕಬ್ಬಿಗೆ ಬಣ್ಣದ ಚೌಕಳಿ ಏಕೆ? ನಮ್ಮ ಭಾಗದಲ್ಲಿ ಹಿಂದೆ ತೆಳ್ಳಗಿನ ಮೂರು ನಾಲ್ಕು ಪುಸ್ತಕಗಳನ್ನು ಒಂದೇ ರಟ್ಟಿನಲ್ಲಿ ಹೊಲಿಸುವ ರೂಢಿಯಿತ್ತು. ದಾಖಲೆ ಪುಸ್ತಕದಲ್ಲಿ ಮೇಲಿನದರ ಹೆಸರು ಮಾತ್ರ ಬೀಳುತ್ತಿತ್ತು; ಒಳಗಿನವು ಹೆಸರಿಲ್ಲದೆ ಬದುಕುತ್ತಿದ್ದವು. ದಾಖಲೆಯ ಪ್ರಕಾರ ಈ ಸಂಪುಟ ಬೀಳಗಿ ಕಡೆಯ ಒಂದು ಹಳ್ಳಿಯ ವಾಚನಾಲಯದ್ದು. ಅಣೆಕಟ್ಟಿನ ಹಿನ್ನೀರಿಗೆ ಆ ಹಳ್ಳಿ ಮುಳುಗಿದಾಗ ಅಲ್ಲಿಯ ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿ ಮುಧೋಳಕ್ಕೆ ಸಾಗಿಸಿದ್ದರು. ಆ ವಾಚನಾಲಯದ ಅಜ್ಞಾತ ಗುಮಾಸ್ತ ಪುಟಗಳನ್ನು ಪ್ರಾಮಾಣಿಕವಾಗಿ ಎಣಿಸಿದ್ದ. ಈ ಪ್ರಕರಣದಲ್ಲಿ ನಾನು ಗೌರವಿಸುವ ನೌಕರ ಅವನೊಬ್ಬನೇ.

ಕಬ್ಬಿನ ಪುಸ್ತಕ ಬೇಕೆಂದು ಎರವಲು ನಮೂನೆ ತುಂಬಿದಾಗ ನಮ್ಮ ಗ್ರಂಥಪಾಲಕರು ನಕ್ಕರು. "ಅಕ್ಕಾರು ಸೀರಿ ಬಿಟ್ಟು ಕಬ್ಬ ಹಚ್ಚಾಕ ಹೊಂಟಾರೇನ್ರಿ?"

ಮುಧೋಳದಿಂದ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಅಲ್ಲಿಯ ಗ್ರಂಥಪಾಲಕರು, "ಅಂಥಾ ಪುಸ್ತಕ ನಮ್ಮಲ್ಲಿಲ್ರಿ" ಎಂದರು.

"ನೋಡಿದ್ರ್ಯಾ?"

"ನೋಡೂದೇನ್ ಐತ್ರಿ? ಇದ್ದಿದ್ರ ನನಗ ಗೊತ್ತಿರ್ತಿತ್ತಲ್ಲ!"

ಗಡುವಿಗೆ ನಾಲ್ಕು ದಿನ ಉಳಿದಿದ್ದಾಗ ಶಿಕ್ಷಕಿಯೂ ನಾನೂ ಬಸ್ಸು ಹತ್ತಿದೆವು. ಮುಧೋಳದ ಆ ಮಹನೀಯರು ಬಾಗಿಲ ಬಳಿ ಹಗ್ಗ ಬಿಗಿದ ರದ್ದಿಯ ಗಂಟಿನ ಮೇಲೆ ಚಹಾದ ಕಪ್ಪು ಇಟ್ಟುಕೊಂಡು ಕುಳಿತಿದ್ದರು. ಗಂಟಿನ ನಡುವೆ ಕಬ್ಬಿನ ಪುಸ್ತಕದ ಬೆನ್ನು ಕಾಣುತ್ತಿತ್ತು. ಅದೇ ಹೆಸರಿನ ಇನ್ನೊಂದು ಪ್ರತಿ ಕಪಾಟಿನಲ್ಲಿದ್ದುದರಿಂದ ಇದನ್ನು ಹೆಚ್ಚುವರಿ ಎಂದು ತೆಗೆದುಹಾಕಿದ್ದರಂತೆ. ಕಪಾಟಿನದು ತೀರ ತೆಳುವು, ಗಂಟಿನದು ಅದರ ಮೂರರಷ್ಟು ದಪ್ಪ. ಒಂದೇ ಪುಸ್ತಕದ ಎರಡು ಪ್ರತಿಗಳಲ್ಲಿ ಒಂದಕ್ಕೆ ಮಾತ್ರ ಹೀಗೆ ಮೈ ಬಂದದ್ದು ಹೇಗೆಂಬ ಸಂಶಯ ಆ ಇಡೀ ಕಚೇರಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ಹಗ್ಗ ಸಡಿಲಿಸಿ ತೆರೆದೆವು. ಕಬ್ಬು ಮುಗಿದ ಮೇಲೆ ಚೌಕಳಿ ಹಾಳೆಗಳು ಶುರುವಾದವು. ಶಿಕ್ಷಕಿ ಒಂದೊಂದು ದಡಿಯ ಮೇಲೆ ಬೆರಳಿಟ್ಟು, "ಇದು ಗೋಮಿ. ಇದು ಚಿಕ್ಕಿ ಪರಾಸ" ಎಂದರು.

"ಒಯ್ಯಾಕ ಬರೂದಿಲ್ರಿ" ಎಂದರು ಮಹನೀಯರು. "ರದ್ದ ಆಗೈತಿ. ರದ್ದ ಆದ ಪುಸ್ತಕ ಎರವಲು ಕೊಡಾಕ ನಿಯಮ ಇಲ್ಲ."

"ಹಂಗಾರ ಪುಕ್ಕಟೆ ಕೊಡ್ರಿ."

"ಅದೂ ಬರೂದಿಲ್ರಿ. ರದ್ದಿ ಅಂದ್ರ ಲಿಲಾವ ಆಗಬೇಕು, ಹೆಚ್ಚಿಗಿ ಕೂಗಿದವರಿಗೆ ಕೊಡಬೇಕು."

"ಈಗ ಕಪ್ಪು ಇಟ್ಟಿದ್ರಲ್ರಿ ಅದರ ಮ್ಯಾಲ? ಅದಕ್ಕ ನಿಯಮ ಐತೇನು?" ಎಂದು ಶಿಕ್ಷಕಿ ಕೇಳಿದರು. ಮಹನೀಯರು ಕಪ್ಪನ್ನು ನೆಲಕ್ಕಿಟ್ಟರು. ಪುಸ್ತಕವನ್ನು ಮಾತ್ರ ಬಿಡಲಿಲ್ಲ.

ಆಗ ನಾನು ನನಗೆ ಬರುವ ಒಂದೇ ವಿದ್ಯೆಯನ್ನು ಹೊರತೆಗೆದೆ. ಬಿಳಿ ಹಾಳೆ ಕೇಳಿ ಪಡೆದು ಬರೆದೆ: "ಸದರಿ ಸಂಪುಟದಲ್ಲಿ ಮೂರು ಪುಸ್ತಕಗಳಿದ್ದು, ತಮ್ಮ ರದ್ದತಿ ಪಟ್ಟಿಯಲ್ಲಿ ಮೊದಲನೆಯದು ಮಾತ್ರ ನಮೂದಾಗಿರುತ್ತದೆ. ಎರಡನೆಯದು ತಮ್ಮಲ್ಲಿ ಎಂದೂ ದಾಖಲಾಗದೇ ಇರುವುದರಿಂದ ರದ್ದಾಗಲು ಅವಕಾಶವಿರುವುದಿಲ್ಲ. ದಾಖಲಾಗದ ಪುಸ್ತಕವನ್ನು ತಾವು ಯಾವ ಆದೇಶದ ಮೇರೆಗೆ ರದ್ದಿಗೆ ಹಾಕಿದಿರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಇಲ್ಲವೇ ಅದನ್ನು ಹದಿನೈದು ದಿನಗಳ ಎರವಲಿಗೆ ನೀಡಬೇಕು."

ಅವರು ಎರಡು ಸಲ ಓದಿದರು. ಪುಸ್ತಕಕ್ಕೆ ಹೆದರದ ಮನುಷ್ಯ 'ಲಿಖಿತವಾಗಿ' ಎಂಬ ಮಾತಿಗೆ ಬೆವೆತರು. ಎರವಲು ನಮೂನೆಯ ಮೇಲೆ ಠಸ್ಸೆ ಬಿತ್ತು.

ನೇರವಾಗಿ ರಬಕವಿಗೆ ಹೋದೆವು. ತಂದೆಯವರು ಮಗ್ಗದ ಪಕ್ಕ ಕುಳಿತು, ಒಂದು ನಕ್ಷೆಯ ಚೌಕಗಳನ್ನು ಉಗುರಿನಿಂದ ಎಣಿಸಿದರು. "ಅದ ಪುಸ್ತಕ. ಆದ್ರ ಅಂಚಿಗೆ ಎರಡ ಮನಿ ಕಡಿಮಿ ಅದಾವು. ರಟ್ಟ ಹಾಕಾಂವ ಕೊಯ್ದಾನ ನೋಡು" ಎಂದರು. ಅಂಚು ಸಮ ಮಾಡುವ ನೆಪದಲ್ಲಿ ರಟ್ಟು ಕಟ್ಟಿದವನು ಪ್ರತಿ ದಡಿಯ ಕೊನೆಯ ಎರಡು ಸಾಲು ಚೌಕಗಳನ್ನು ಕತ್ತರಿಸಿಬಿಟ್ಟಿದ್ದ. ಮೂವತ್ತೆರಡು ಪುಟಗಳಲ್ಲಿ ಹೋದ ಆ ಸಾಲುಗಳನ್ನು ಹಿರಿಯರು ನೆನಪಿನಿಂದ ಹೇಳಿದರು, ಮಗಳು ಬೇರೆ ಹಾಳೆಯಲ್ಲಿ ತುಂಬಿದರು.

ಗಡುವಿನ ದಿನ ಮಾರ್ಗದರ್ಶಕರು ಪುಸ್ತಕವನ್ನೂ ಆ ಹಾಳೆಗಳನ್ನೂ ನೋಡಿ ಅಧ್ಯಾಯಕ್ಕೆ ಸಹಿ ಹಾಕಿದರು. "ನಾ ಅವಾಗ್ಲೇ ಹೇಳಿದ್ನಲ್ಲ, ಹುಡುಕಿದ್ರ ಸಿಗತೈತಿ ಅಂತ" ಎಂದರಂತೆ. ಮುದುಕರ ನೆನಪು ಆಧಾರವಾಗುವುದಿಲ್ಲ ಎಂಬ ತಮ್ಮ ವಾಕ್ಯ ಅವರಿಗೆ ನೆನಪಿರಲಿಲ್ಲ. ಶಿಕ್ಷಕಿ ನೆನಪಿಸಲೂ ಇಲ್ಲ. ಆ ಹಾಳೆಗಳ ಕೆಳಗೆ ತಂದೆಯ ಹೆಸರು ಬರೆದು ಪ್ರಬಂಧಕ್ಕೆ ಹೊಲಿಸಿದರು.

ಮೂರೂ ಪುಸ್ತಕಗಳಿಗೆ ಬೇರೆ ಬೇರೆ ದಾಖಲೆ ಬರೆದು ನಾನು ಸಂಪುಟದ ಜೊತೆಗೇ ಮುಧೋಳಕ್ಕೆ ಕಳಿಸಿಕೊಟ್ಟಿದ್ದೇನೆ. ಅವುಗಳಲ್ಲಾಗಲಿ ಈ ಬರಹದಲ್ಲಾಗಲಿ ತಪ್ಪು ಕಂಡರೆ ದಯವಿಟ್ಟು ಕೆಂಪು ಶಾಯಿಯಲ್ಲಿ ತಿದ್ದಿರಿ. ಆದರೆ ತಿದ್ದುವ ಮುನ್ನ ಒಮ್ಮೆ ಎದ್ದು ಹೋಗಿ ಪುಸ್ತಕವನ್ನು ತೆರೆದು ನೋಡಬೇಕೆಂದು ವಿನಂತಿ.