ಗಾಲಿಗೆ ಹಚ್ಚಿದ ಕುಂಕುಮ

ಹೋದ ವಾರ ತಾವರಗೇರಾ ರಸ್ತೆಯಲ್ಲಿ ನನ್ನ ಕಾರಿನ ಹಿಂದಿನ ಗಾಲಿ ಕಳಚಿಕೊಂಡು ನನ್ನನ್ನೇ ಓವರ್‌ಟೇಕ್ ಮಾಡುವುದೊಂದು ಬಾಕಿ ಇತ್ತು. ಕಾರಣ ಏನು ಗೊತ್ತೇ? ರಸ್ತೆಯಲ್ಲ. ನನ್ನ ಡ್ರೈವಿಂಗೂ ಅಲ್ಲ. ನನ್ನ ಹೆಂಡತಿಯ ಭಕ್ತಿ.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ನನ್ನ ಕಾರು ನಿಮಗೆಲ್ಲ ಪರಿಚಯದ್ದೇ. ಕುಷ್ಟಗಿಯಲ್ಲಿ ಅದನ್ನು ಗುರುತಿಸದ ಎಮ್ಮೆ ಕೂಡ ಇಲ್ಲ. (ಗುರುತಿಸಿದರೂ ದಾರಿ ಬಿಡುವುದಿಲ್ಲ, ಅದು ಬೇರೆ ಮಾತು.) ಓಡುತ್ತದೆ, ಆದರೆ ಕುಲುಕುತ್ತದೆ. ಅದರಲ್ಲಿ ಕೂತು ಕೊಪ್ಪಳಕ್ಕೆ ಹೋಗಿ ಬಂದವರು ಸೊಂಟ ಹಿಡಿದುಕೊಂಡೇ ಇಳಿಯುತ್ತಾರೆ. ಇಷ್ಟು ದಿನ ಅದೊಂದು ತಮಾಷೆಯಾಗಿತ್ತು. ಈ ಸಲ ತಮಾಷೆ ಮಾಡುವ ಹಾಗಿರಲಿಲ್ಲ. ಶಾಂತಾಳನ್ನು ಕರೆತರಬೇಕಿತ್ತು.

ಶಾಂತಾ ನನ್ನ ಅಕ್ಕ ಗಂಗಕ್ಕನ ಒಬ್ಬಳೇ ಮಗಳು. ಗಂಗಕ್ಕನ ಗಂಡ ತೀರಿಕೊಂಡಾಗ ಶಾಂತಾ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಅಂದಿನಿಂದ ತಾಯಿ ಮಗಳು ನಮ್ಮ ಮನೆಯಲ್ಲೇ. ಗಂಗಕ್ಕನಿಗೆ ಸರ್ಕಾರಿ ಶಾಲೆಯಲ್ಲಿ ಗಂಟೆ ಹೊಡೆಯುವ, ಕೋಣೆ ಗುಡಿಸುವ ನೌಕರಿ ಸಿಕ್ಕಿತು. ಅದರಲ್ಲೇ ಮಗಳನ್ನು ಓದಿಸಿದಳು, ಮಂಗಳೂರಿಗೆ ಮದುವೆ ಮಾಡಿಕೊಟ್ಟಳು. (ಮಂಗಳೂರು ಅಂದಕೂಡಲೇ ಸಮುದ್ರ, ಮೀನು ಎಂದು ಯೋಚಿಸುವ ದೂರದ ಓದುಗರೇ, ನಮ್ಮ ಯಲಬುರ್ಗಾ ಕಡೆಗೂ ಒಂದು ಮಂಗಳೂರಿದೆ. ಇಲ್ಲಿ ಜೋಳ, ಗಾಳಿ, ಧೂಳು.)

ಹೋದ ವರ್ಷ ಶಾಂತಾ ಬಸುರಾದಳು. ಏಳನೇ ತಿಂಗಳಲ್ಲಿ ಕುಬಸ (ಅಂದರೆ ಸೀಮಂತ) ಮಾಡಿ, ಹಸಿರು ಸೀರೆ ಉಡಿಸಿ, ಆರತಿ ಎತ್ತಿ, ಮುತ್ತೈದೆಯರೆಲ್ಲ ಸೇರಿ ಬಸ್ಸಿಗೆ ಹತ್ತಿಸಿ ತವರಿಗೆ ಕಳಿಸಿದರು. ನಮ್ಮ ಮನೆ ಮುಟ್ಟಿದ ದಿನವೇ ಹೊಟ್ಟೆನೋವು ಶುರುವಾಯಿತು. ಕೂಸು ಉಳಿಯಲಿಲ್ಲ. ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ನಾವು ಒಪ್ಪಿದೆವು. ಗಂಗಕ್ಕ ಒಪ್ಪಲಿಲ್ಲ.

ಈಗ ಶಾಂತಾ ಮತ್ತೆ ಬಸುರಿ. ಮತ್ತೆ ಏಳು ತುಂಬಿದೆ. ಕರೆತರುವ ಮಾತು ಬಂದಾಗ ಗಂಗಕ್ಕ ಹಿಟ್ಟು ಮಿದಿಯುವುದನ್ನು ನಿಲ್ಲಿಸಿ ಖಡಾಖಡಿ ಹೇಳಿಬಿಟ್ಟಳು.

"ಬಸ್ ಬ್ಯಾಡ. ನಿನ್ನ ಗಾಡಿನೂ ಬ್ಯಾಡ. ಮನಶ್ಯಾರನ್ನ ಜೋಳ ಕೇರಿದಂಗ ಕೇರತೈತಿ ಅದು."

"ಮತ್ತ ಹೆಂಗ ತರೂದಕ್ಕಾ? ಹೊತ್ಕೊಂಡು ಬರ್ಲೇನು?"

"ಹೊತ್ಕೊಂಡು ಬಾ. ಸಣ್ಣಾಕಿದ್ದಾಗ ಹೊತ್ತಿಲ್ಲೇನು?"

ನಾನು ನೆಟ್ಟಗೆ ಬಸ್ ಸ್ಟ್ಯಾಂಡ್ ಹತ್ತಿರದ ಮೌಲಾಸಾಬನ ಗ್ಯಾರೇಜಿಗೆ ಹೋದೆ. ಮೌಲಾಸಾಬ ನನ್ನ ಕಾರಿನ ಡಾಕ್ಟರು. ನನಗಿಂತ ಹೆಚ್ಚಾಗಿ ಆ ಕಾರು ಅವನ ಹತ್ತಿರವೇ ಇರುತ್ತದೆ. ಅವನಿಗೆ ಎಲ್ಲ ಹೇಳಿದೆ. ಕೇಳಿ, ಗಡ್ಡ ಕೆರೆದುಕೊಂಡು, "ಅಗಲ ರಿಮ್ಮು ಹಾಕೋಣ್ರಿ ಸರ್" ಅಂದ. "ದಪ್ಪ ಟೈರು, ಗಾಳಿ ಒಂಚೂರು ಕಡಿಮಿ. ತಂಗಿ ಗಾದಿ ಮ್ಯಾಲೆ ಕುಂತಂಗ ಕುಂತ್ಕೊಂಡು ಬರ್ತಾಳ."

ಗಂಗಾವತಿಯ ರೈಸ್ ಮಿಲ್ ಸಾಹುಕಾರರೊಬ್ಬರು ಶೋಕಿಗೆಂದು ಹಾಕಿಸಿಕೊಂಡು ಆಮೇಲೆ ಬೇಜಾರಾಗಿ ತೆಗೆದಿಟ್ಟಿದ್ದ ರಿಮ್ಮುಗಳನ್ನು ಅವನೇ ಪತ್ತೆ ಹಚ್ಚಿ ತರಿಸಿದ. ಎಂಥ ಹೊಳಪು ಅಂತೀರಿ! ಒಂದರಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಂಡೆ. (ಬಸುರಿಗಾಗಿ ತರಿಸಿದ್ದು ನಿಜ. ಆದರೆ ಚಂದ ಕಾಣುತ್ತದೆಂದರೆ ಬೇಡ ಅನ್ನಲಾದೀತೇ?)

ಹಾಕಿ ನೋಡಿದರೆ ತಕರಾರು. ಗಾಲಿ ಒಳಗೆ ಸರಿದು ಸ್ಪ್ರಿಂಗಿಗೆ ತಿಕ್ಕುತ್ತಿತ್ತು.

"ಗಾಲಿ ಹೊರಗ ದಬ್ಬಬೇಕ್ರಿ. ನಡುವ ಒಂದು ಕಬ್ಬಿಣದ ಬಿಲ್ಲಿ ಬೇಕು. ಸ್ಪೇಸರ್ ಅಂತಾರ" ಅಂದ ಮೌಲಾಸಾಬ.

"ಹಾಕಿಬಿಡು ಮತ್ತ."

"ಬಿಲ್ಲಿ ಹಾಕಿದ್ರ ಸ್ಟಡ್ ಗಿಡ್ಡ ಆಗತಾವ. ನಟ್ಟು ತುದ್ಯಾಗ ಜೋತು ಬೀಳತೈತಿ. ಉದ್ದನ ಸ್ಟಡ್ಡೂ ಬೇಕು."

ಸ್ಟಡ್ ಅಂದರೆ ಗಾಲಿಯನ್ನು ಹಿಡಿದುಕೊಂಡಿರುವ ಮೊಳೆಗಳು. ಗಾಲಿ ಹೊರಗೆ ಬಂದಷ್ಟೂ ಅವೂ ಉದ್ದವಾಗಬೇಕು. ಮದುವೆಯಾದ ಮಗಳು ದೂರ ಹೋದಷ್ಟೂ ತಾಯಿಯ ಕೈ ಉದ್ದವಾಗಬೇಕಲ್ಲ, ಹಾಗೆ. ಗಂಗಾವತಿಗೆ ಹೋಗಿ ಲೇತ್ ಹಾಕಿಕೊಂಡ ಒಬ್ಬರ ಹತ್ತಿರ ಕೂತು ಬಿಲ್ಲೆ ಕೊರೆಸಿದೆ, ಸ್ಟಡ್ ಮಾಡಿಸಿದೆ. ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರು ಚೀಲ ಎತ್ತಲು ಹೋಗಿ, "ಏನ್ರೀ ಇದು, ಬೀಸೂಕಲ್ಲು?" ಅಂದ.

ಕುಷ್ಟಗಿ ಮುಟ್ಟುವ ಹೊತ್ತಿಗೆ ಗ್ಯಾರೇಜು ಮುಚ್ಚಿತ್ತು. ಚೀಲ ಮನೆಗೆ ತಂದೆ. ಎಡವಿದ್ದು ಅಲ್ಲೇ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಬಿಲ್ಲೆಗಳು ದೇವರ ಜಗುಲಿಯ ಮುಂದೆ ಸಾಲಾಗಿ ಕೂತಿವೆ. ನನ್ನ ಹೆಂಡತಿ ಸುಮಿತ್ರಾ ಮಿಂದು ಮಡಿಯುಟ್ಟು ಪೂಜೆ ನಡೆಸಿದ್ದಾಳೆ. ಹೊಸ ಕಬ್ಬಿಣ ಮನೆಗೆ ಬಂದರೆ ಹಾಗೇ ಬಿಡುವುದುಂಟೇ? ಅದೂ ಬಸುರಿಯನ್ನು ಹೊರುವ ಕಬ್ಬಿಣ. ಹುಲಿಗಿಗೆ ಹೋಗಿ ಶಾಂತಾಳ ಹೆಸರಿನಲ್ಲಿ ಹರಕೆ ಹೊತ್ತು ತಂದಿದ್ದ ಹುಲಿಗೆಮ್ಮನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಗಟ್ಟಿಯಾಗಿ ಬಳಿದಿದ್ದಳು. ಬಿಲ್ಲೆಗೆ ಮುಖ ಯಾವುದು, ಬೆನ್ನು ಯಾವುದು ತಿಳಿಯದೆ ಎರಡೂ ಕಡೆಗೆ. ಮೇಲೆ ಅಕ್ಷತೆ ಬೇರೆ. ನಾನು ನಕ್ಕು ಕೈ ಮುಗಿದೆ. ಗಂಗಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪೂಜೆಯ ಹೊತ್ತಿಗೆ ಆಕೆ ಅಲ್ಲಿಯೇ ನಿಲ್ಲುವುದು. ಮದುವೆಗೆ ಕರೆಯುವವರು ಬಂದರೂ, ಮನೆಯಲ್ಲಿ ಕಾರ್ಯ ನಡೆದರೂ ಅಲ್ಲಿಯೇ. ಹಾಗೆ ನಿಲ್ಲು ಎಂದು ನಮ್ಮ ಮನೆಯಲ್ಲಿ ಯಾರೂ ಆಕೆಗೆ ಹೇಳಿಲ್ಲ. ಬಾ ಎಂದೂ ಹೇಳಿಲ್ಲ.

ಗ್ಯಾರೇಜಿನಲ್ಲಿ ನಾನು ಹುಲಿಗೆಮ್ಮನ ಹರಕೆಯ ಕಥೆ ಹೇಳುತ್ತಿದ್ದಂತೆ ಮೌಲಾಸಾಬ ಚೀಲ ಬಿಚ್ಚಿದ. ಒಂದು ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ. ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಹಳೆಯ ಸ್ಟಡ್ಡುಗಳನ್ನು ಬಡಿದು ತೆಗೆದು ಹೊಸದು ಕೂಡಿಸಿದ. ಬಿಲ್ಲೆ ಇಟ್ಟ, ಗಾಲಿ ಏರಿಸಿದ, ಮೈಮೇಲಿನ ಅಂಗಿ ತೊಯ್ಯುವವರೆಗೆ ನಟ್ಟು ಬಿಗಿದ. ಪರೀಕ್ಷೆಗೆಂದು ಇಬ್ಬರೂ ತಾವರಗೇರಾ ಕಡೆ ಹೊರಟೆವು.

ಏನು ಸುಖ! ತಗ್ಗು ಬಂದರೂ ತಗ್ಗು ಅನಿಸಲಿಲ್ಲ. ನಾನು ಹಾಡು ಗುನುಗುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಧಡ್ ಧಡ್ ಎಂದು ಸದ್ದು. ನಿಲ್ಲಿಸಿ ಇಳಿದು ನೋಡಿದರೆ ನಟ್ಟುಗಳು ಬೆರಳಿನಿಂದ ತಿರುಗುತ್ತಿವೆ! ಇನ್ನು ಸ್ವಲ್ಪ ದೂರ ಹೋಗಿದ್ದರೆ? ಶಾಂತಾ ಒಳಗೆ ಕೂತಿದ್ದರೆ?

"ಯಾಕ ಹಿಂಗಾತು ಮೌಲಾ?"

"ಕಬ್ಬಿಣಕ್ಕ ಕಬ್ಬಿಣ ಅಂಟಿ ಕುಂದ್ರಬೇಕ್ರಿ. ನಡುವ ಕುಂಕುಮ, ಅಕ್ಕಿಕಾಳು. ಅವು ಅರದು ಜಾಗ ಬಿಟ್ಟಾವ, ನಟ್ಟು ಸಡಲ ಆಗ್ಯಾವ."

"ಮೊದಲ ಗೊತ್ತಿತ್ತೇನು ನಿನಗ?"

"ಗೊತ್ತಿತ್ರಿ."

"ಮತ್ತ ಒರಸಬೇಕಿಲ್ಲೋ?"

ಮೌಲಾಸಾಬ ಸ್ಪ್ಯಾನರ್ ಕೆಳಗಿಟ್ಟ. "ಹುಲಿಗೆಮ್ಮನ ಕುಂಕುಮ ಐತ್ರಿ. ಸುಮಿತ್ರಕ್ಕಾರು ತಂಗಿ ಸಲುವಾಗಿ ಹಚ್ಚ್ಯಾರ. ಕೈ ಬರ್ಲಿಲ್ಲ ಸರ್. ಜೋರ ಬಿಗದ್ರ ನಡೀತೈತಿ ಅಂತ ಮಾಡಿದ್ದೆ."

ನಟ್ಟು ಮತ್ತೆ ಬಿಗಿದು, ನಡೆದವರಂತೆ ನಿಧಾನ ಬಂದು, ಕಾರನ್ನು ನಮ್ಮ ಮನೆಯ ಮುಂದೆಯೇ ಜಾಕ್ ಕೊಟ್ಟು ನಿಲ್ಲಿಸಿದೆವು. ಅದು ಮೌಲಾಸಾಬನ ಹಟ. "ಹಚ್ಚಿದವ್ರೇ ಒರಸ್ಲಿ" ಅಂದ.

ಸುಮಿತ್ರಾ ಹೊರಗೆ ಬಂದು ವಿಷಯ ಕೇಳಿ ಕೆನ್ನೆ ಬಡಿದುಕೊಂಡಳು. "ನನಗ ಒರಸು ಅಂತೀರೇನು? ಬಿಡ್ತು ಅನ್ರಿ. ಮುತ್ತೈದಿ ಕೈಲೆ ಕುಂಕುಮ ಒರಸಬಾರ್ದು. ನೀವ ಒರಸ್ರಿ."

ನಾನು! ಮೂಢನಂಬಿಕೆಯ ವಿರುದ್ಧ ಇದೇ ಅಂಕಣದಲ್ಲಿ ಉದ್ದುದ್ದ ಬರೆದವನು. ನೀವು ಮೆಚ್ಚಿ ಕಾಗದ ಹಾಕಿದವರು. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ಕೈಗೆ ತೆಗೆದುಕೊಂಡೆ. ಬಿಲ್ಲೆಯ ಮೇಲಿನ ಕೆಂಪು ನೋಡಿದೆ. ಅದರ ಹಿಂದೆ ಶಾಂತಾಳ ಮುಖ ಕಂಡಿತು, ಹೋದ ವರ್ಷದ ಆಸ್ಪತ್ರೆಯ ವರಾಂಡ ಕಂಡಿತು. ನನಗೂ ಕೈ ಬರಲಿಲ್ಲ. ಮನೆ ಮನೆಗೆ ಟೀವಿ ಬರುತ್ತಿರುವ ಈ ಕಾಲದಲ್ಲಿ ಮೂವರು ದೊಡ್ಡ ಮನುಷ್ಯರು ಬಯಲಿನಲ್ಲಿ ಒಂದು ಕಬ್ಬಿಣದ ಬಿಲ್ಲೆಯ ಸುತ್ತ ಸುಮ್ಮನೆ ನಿಂತಿದ್ದೆವು. ಮರುದಿನ ಮಂಗಳೂರಿಗೆ ಹೊರಡಬೇಕು.

ಆಗ ಗಂಗಕ್ಕ ಶಾಲೆಯಿಂದ ಬಂದಳು. ಯಾಕೆ ನಿಂತಿದ್ದೀರಿ ಅಂದಳು. ಹೇಳಿದೆವು. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಯಲ್ಲಿದ್ದ ಅರಿವೆ ಕಸಿದುಕೊಂಡು ಕೆಳಗೆ ಕೂತೇಬಿಟ್ಟಳು.

"ಅಕ್ಕಾ, ಬ್ಯಾಡ್ರಿ" ಅಂದಳು ಸುಮಿತ್ರಾ.

"ಯಾಕ?" ಗಂಗಕ್ಕ ತಲೆ ಎತ್ತಲಿಲ್ಲ. "ನನ್ನ ಹಣಿ ಮ್ಯಾಲಿಂದು ಒರಸೂ ಮುಂದ ಯಾರೂ ಹಿಂದ ಮುಂದ ನೋಡ್ಲಿಲ್ಲ. ಕಬ್ಬಿಣದ್ದು ಒರಸಾಕ ಎಲ್ಲಾರೂ ಅಂಜಾಕ ಹತ್ತೀರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಅನ್ನಕ್ಕೆ ಉಪ್ಪು ಕಡಿಮೆಯಾಗಿದೆ ಅನ್ನುವಷ್ಟೇ ಸಹಜವಾಗಿ ಹೇಳಿದಳು. ಅದಕ್ಕೇ ಅಷ್ಟು ಚುಚ್ಚಿತು. ಮೌಲಾಸಾಬ ಬೇಡದಿದ್ದರೂ ಬಗ್ಗಿ ಜಾಕ್ ನೋಡಿದ. ಗಂಗಕ್ಕ ಒಂದೊಂದೇ ಬಿಲ್ಲೆ ಒರೆಸಿದಳು, ಒಂದೊಂದೇ ತೂತಿಗೆ ಅರಿವೆಯ ತುದಿ ಹಾಕಿ ತಿರುವಿದಳು. ಕೂಸಿನ ಕಿವಿ ಒರೆಸುವವರು ಹಾಗೆ ಒರೆಸುತ್ತಾರೆ. ಆಕೆಯ ಬೆರಳುಗಳೆಲ್ಲ ಕೆಂಪಾದವು.

ಸುಮಿತ್ರಾ ಕೈಮುಗಿದು, "ತಪ್ಪಾತವ್ವಾ ಹುಲಿಗೆಮ್ಮಾ" ಅಂದಳು.

"ಆಕಿನೂ ಹೆಣ್ಮಗಳ ಅದಾಳ" ಅಂದಳು ಗಂಗಕ್ಕ. "ತಿಳೀತೈತಿ ಆಕಿಗೆ."

ಬಿಲ್ಲೆ ಬೆಳ್ಳಗೆ ಹೊಳೆಯಿತು. ಮೌಲಾಸಾಬ ಮತ್ತೆ ಕೂಡಿಸಿ ಬಿಗಿದ. ನಾಳೆ ಅರ್ಧ ದಾರಿಯಲ್ಲಿ ಇಳಿದು ಇನ್ನೊಮ್ಮೆ ಬಿಗಿಯಬೇಕೆಂದು ನನಗೆ ತಾಕೀತು ಮಾಡಿದ. ಅವನು ಹೋದ ಮೇಲೆ ಸುಮಿತ್ರಾ ಗಂಗಕ್ಕನ ಹತ್ತಿರ ಹೋಗಿ ನಿಂತಳು. "ನಾಳೆ ನೀವೂ ಬರ್ರಿ ಅಕ್ಕಾ."

"ನಾ ಯಾಕ ಬರ್ಲಿ? ಆರತಿ ಮಾಡಿ ಕರಕೊಂಡು ಬರೂದೈತಿ."

"ಮತ್ತ ಗಾಲಿ ಸಡಲಾತಂದ್ರ? ಒರಸಾಕ ನಮಗ್ಯಾರಿಗೂ ಕೈ ಬರೂದಿಲ್ಲ ನೋಡ್ರಿ."

ಇಬ್ಬರೂ ನಕ್ಕರು. ನಗುತ್ತಲೇ ಸುಮಿತ್ರಾ ಕಣ್ಣೊರೆಸಿಕೊಂಡಳು. ಕಾರಿನಿಂದ ಇಳಿಯುವುದಿಲ್ಲ ಎಂಬ ಕರಾರಿನ ಮೇಲೆ ಗಂಗಕ್ಕ ಒಪ್ಪಿದಳು.

ಮರುದಿನ ಯಲಬುರ್ಗಾ ದಾಟುವ ಮೊದಲು ಕಾರು ನಿಲ್ಲಿಸಿದೆ. ನಾನು ನಟ್ಟು ಬಿಗಿದೆ. ಕರಾರು ಮರೆತು ಇಳಿದ ಗಂಗಕ್ಕ ನನ್ನ ಕೈಯಿಂದ ಸ್ಪ್ಯಾನರ್ ಇಸಿದುಕೊಂಡು ಪ್ರತಿಯೊಂದನ್ನೂ ತಾನೇ ಒಮ್ಮೆ ಜಗ್ಗಿ ನೋಡಿದಳು. ಒಂದೂ ಅಲುಗಲಿಲ್ಲ.

ಮಂಗಳೂರಿನಲ್ಲಿ ಕುಬಸ ಮುಗಿಯಿತು. ಗಂಗಕ್ಕ ಹಿಂದಿನ ಸೀಟಿನಲ್ಲಿ ತಲೆತುಂಬ ಸೆರಗು ಹೊದ್ದು ಆ ಕಡೆ ಮುಖ ಮಾಡಿ ಕೂತೇ ಇದ್ದಳು. ಬೀಗತಿ, ಅಂದರೆ ಶಾಂತಾಳ ಅತ್ತೆ, ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಬಾನೆಟ್ಟಿಗೆ ಕುಂಕುಮ ಇಟ್ಟರು, ನಾಲ್ಕೂ ಗಾಲಿಗೆ ಇಟ್ಟರು. (ಹೊರಗಡೆ ಎಷ್ಟು ಬೇಕಾದರೂ ಇಡಲಿ ಎಂದು ನಾನು ಸುಮ್ಮನಿದ್ದೆ.) ಸುಮಿತ್ರಾಳಿಗೆ ಹಚ್ಚಿದರು. ಬಾಗಿಲು ತೆರೆದು, "ಹತ್ತವ್ವಾ ಶಾಂತಾ" ಅಂದರು.

ಶಾಂತಾ ಹತ್ತಲಿಲ್ಲ. ಕಾರಿನೊಳಗೆ ನೋಡಿದಳು. ತಾಯಿ ಇನ್ನೂ ಆ ಕಡೆಗೇ ಮುಖ ಮಾಡಿದ್ದಳು.

"ಅವ್ವ ಕುಂಕುಮ ಹಚ್ಚಿದ್ರ ಹತ್ತತೀನ್ರಿ" ಅಂದಳು.

ಸುತ್ತಲಿದ್ದ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಒಳಗಿನಿಂದ ಗಂಗಕ್ಕನ ದನಿ, "ಹುಚ್ಚಿ, ಸುಮ್ನ ಹತ್ತು. ನನ್ನ ಕೈಲೆ ಬ್ಯಾಡ."

ಶಾಂತಾ ಅತ್ತೆಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಹೋದ ಸಲ ಎಲ್ಲಾ ಮುತ್ತೈದೇರ ಇದ್ರಲ್ರಿ ಅತ್ತಿ? ಈ ಸಲ ನಮ್ಮವ್ವ ಇರ್ಲಿ."

ಬೀಗತಿ ತಟ್ಟೆ ನೋಡಿದರು, ಸೊಸೆಯ ಹೊಟ್ಟೆ ನೋಡಿದರು. ಆಮೇಲೆ ಅವರು ಕಾರನ್ನು ಸುತ್ತಿ ಗಂಗಕ್ಕನ ಕಡೆಯ ಕಿಟಕಿಗೆ ಹೋಗಿ ತಟ್ಟೆ ಚಾಚಿದರು.

"ಹಚ್ರಿ ಬೀಗತಿ. ಹಡದ ಕೈ ಅದು."

ಶಾಂತಾ ಈ ಕಡೆಯಿಂದ ಒಳಗೆ ಬಗ್ಗಿದಳು. ಗಂಗಕ್ಕ ಚಿಟಿಕೆ ತುಂಬ ತೆಗೆದು ಹಚ್ಚಿದಳು, ಕುಂಕುಮ ಮಗಳ ಮೂಗಿನ ಮೇಲೆಲ್ಲ ಉದುರಿತು. ಅದನ್ನು ಯಾರೂ ಒರೆಸಲಿಲ್ಲ.

ಬರುವಾಗ ದಾರಿಯುದ್ದಕ್ಕೂ ಶಾಂತಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ಅಷ್ಟು ತಗ್ಗುದಿನ್ನೆಯಲ್ಲೂ ಒಮ್ಮೆಯೂ ಎಚ್ಚರಾಗಲಿಲ್ಲ. ಈಗ ನಮ್ಮ ಮನೆಯಲ್ಲಿದ್ದಾಳೆ, ಉಪ್ಪಿನಕಾಯಿ ಭರಣಿ ಖಾಲಿ ಮಾಡುತ್ತಿದ್ದಾಳೆ. ದಿನ ತುಂಬಬೇಕು. ಎಲ್ಲ ಸುಸೂತ್ರ ಆಗಲಿ ಎಂದು ನೀವೂ ಒಂದು ಮಾತು ಅನ್ನಿ. ಆದರೆ (ಬಿಡ್ತು, ಮೊದಲೇ ಹೇಳಬಾರದು, ಆದರೂ ಹೇಳುತ್ತೇನೆ) ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಿಮ್ಮನ್ನೆಲ್ಲ ಕರೆಯುತ್ತೇವೆ, ಬರಲೇಬೇಕು.

ಬಂದವರು ದಯವಿಟ್ಟು ಗಂಗಕ್ಕನನ್ನು ಅಡುಗೆಮನೆಯಲ್ಲಿ ಹುಡುಕಬೇಡಿ.