ಹಗ್ಗ ಸಡಿಲಾದರೆ ಒಂದು ಸಿಗಡಿ

ನಾಯಿಗೆ ಹಗ್ಗ ಎಳೆಯದೆ ನಡೆಯಲು ಕಲಿಸುವುದೇನು ಮಹಾ ವಿದ್ಯೆ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕಲಿಸಿ ನೋಡಲಿ ಅವರು. ತಮಗಿಂತ ಬಲವಾದ ಪ್ರಾಣಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು ದೋಹಾದ ಮರಳಿನಲ್ಲಿ ನಿಂತು ನೋಡಲಿ. ನಾನು ಕಲಿಸಿದ್ದೆ. ಚೆನ್ನಾಗಿಯೇ ಕಲಿಸಿದ್ದೆ. ಅದೇ ನನಗೆ ಮುಳುವಾಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ನಾವು ಅಲ್ ಥುಮಾಮಾದಲ್ಲಿದ್ದೆವು. ದೊಡ್ಡದೊಂದು ವಿಲ್ಲಾವನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು; ಹಿಂಭಾಗದ ಎರಡು ಕೋಣೆ ನಮ್ಮದು. ವಿಮಾನಗಳು ಎಷ್ಟು ತಗ್ಗಿನಲ್ಲಿ ಹಾರುತ್ತಿದ್ದವೆಂದರೆ ಫೋನಿನಲ್ಲಿ ಮಾತಾಡುವಾಗ ನಡುವೆ ಬಾಯಿ ಮುಚ್ಚಿ ಕಾಯಬೇಕಾಗುತ್ತಿತ್ತು. ನಮ್ಮವರು, ಅಂದರೆ ನನ್ನ ಯಜಮಾನರು, ಒಂದು ಕಂಪನಿಯಲ್ಲಿ ಅಕೌಂಟೆಂಟ್. ಇಬ್ಬರೂ ಉಡುಪಿ ಕಡೆಯವರು. ಆ ವರ್ಷ ಮಗಳನ್ನು ಪಿಯುಸಿಗೆಂದು ಮಂಗಳೂರಿನ ಹಾಸ್ಟೆಲಿನಲ್ಲಿ ಬಿಟ್ಟು ಬಂದಿದ್ದೆವು. ಗಲ್ಫಿನಲ್ಲಿರುವ ಊರಿನವರೆಲ್ಲ ಹಾಗೆಯೇ ಮಾಡುವುದು, ನೀನೇನು ಹೊಸದಾಗಿ ಅಳುವುದು ಎಂದು ಎಲ್ಲರೂ ಹೇಳಿದರು. ಬಿಟ್ಟು ಬಂದ ಮೇಲೆ ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಏಸಿಯ ಸದ್ದು. ನನ್ನದು ಗಂಡನ ಮೇಲಿನ ವೀಸಾ, ಕೆಲಸಕ್ಕೆ ಹೋಗುವಂತಿರಲಿಲ್ಲ. ಕಾರು ಬಿಡಲು ಲೈಸೆನ್ಸೂ ಇರಲಿಲ್ಲ. ಗೇಟು ದಾಟಿ ಹೊರಗೆ ಹೋಗಬೇಕಾದರೆ ಒಂದು ಕಾರಣ ಬೇಕಲ್ಲ, ಅದು ನನಗಿರಲಿಲ್ಲ.

ಕಾರಣ ಬಂದದ್ದು ವಿಲ್ಲಾದ ಮುಂಭಾಗದಲ್ಲಿದ್ದ ಬಿಳಿಯ ದಂಪತಿಯಿಂದ. ಅವರ ಕೆಲಸ ಮುಗಿಯಿತು, ಸೋಫಾ ಮಂಚ ಎಲ್ಲ ಕಂಟೈನರ್ ಹತ್ತಿದವು, ನಾಯಿ ಮಾತ್ರ ಉಳಿಯಿತು. ಯಾರೋ ಸ್ನೇಹಿತರು ಬಂದು ಕರೆದುಕೊಂಡು ಹೋಗುತ್ತಾರೆ, ಅಲ್ಲಿಯವರೆಗೆ ನೋಡಿಕೊಳ್ಳಿ ಎಂದು ಹಗ್ಗವನ್ನು ನಮ್ಮವರ ಕೈಗೆ ಕೊಟ್ಟು ಏರ್‌ಪೋರ್ಟಿಗೆ ಹೋದರು. ಯಾವ ಸ್ನೇಹಿತರೂ ಬರಲಿಲ್ಲ. ಹೀಗೆ ಬಿಟ್ಟುಹೋದ ನಾಯಿಗಳು ಊರಾಚೆಯ ಮರಳಿನಲ್ಲಿ ಎಲುಬು ಎಣಿಸುವಂತಾಗಿ ಅಲೆಯುವುದನ್ನು ಕಾರಿನಿಂದ ನೋಡಿದ್ದೆ. ಬಿಳಿಯರು ಕೇಳಿದರೆ ಇಲ್ಲ ಅನ್ನಲು ನಮ್ಮವರಿಗೆ ನಾಲಗೆ ಏಳುವುದಿಲ್ಲ. ಹೂಂ ಅಂದದ್ದು ಅವರು, ಸಾಕುವ ಕೆಲಸ ನನ್ನದು.

ಜೇನಿನ ಬಣ್ಣ, ಉದ್ದ ಕಾಲು, ಜೋತುಬಿದ್ದ ಕಿವಿ. ಅರಬರ ಬೇಟೆನಾಯಿಯ ರಕ್ತ ಸ್ವಲ್ಪ ಇತ್ತೋ ಏನೋ, ಓಡಲೆಂದೇ ಹುಟ್ಟಿದ ಮೈ. ಆ ಬಿಳಿ ದೊರೆಗಳು ಇಟ್ಟ ಹೆಸರು ನನ್ನ ಬಾಯಿಗೆ ಹೊಂದಲಿಲ್ಲ. ನಾನು ‘ಮಗಾ’ ಅಂದೆ. ಎರಡನೆಯ ಸಲ ಕರೆದಾಗಲೇ ತಿರುಗಿ ನೋಡಿತು. ಮಗಳು ಫೋನಿನಲ್ಲಿ, “ನನ್ನನ್ನು ಕಳಿಸಿ ನಾಯಿ ತಂದ್ರಾ ಅಮ್ಮ?” ಎಂದು ನಕ್ಕಳು. ಫೋನಿಟ್ಟ ಮೇಲೆ ನಾನು ತುಂಬ ಹೊತ್ತು ಅದರ ತಲೆ ಸವರುತ್ತ ಕೂತಿದ್ದೆ.

ಆದರೆ ಎಳೆತ ಅಂದರೆ ಎಂಥ ಎಳೆತ! ಗೇಟು ತೆರೆದರೆ ಸಾಕು, ನಾನು ಹಗ್ಗದ ಹಿಂದೆ ಓಡುವ ಗಂಟಾಗಿಬಿಡುತ್ತಿದ್ದೆ. ಒಮ್ಮೆ ಬೆಕ್ಕು ಕಂಡು ಹಾರಿ ನನ್ನನ್ನು ಮೊಣಕಾಲ ಮೇಲೆ ಕೆಡವಿತು. ಮೇಲಿನ ಮನೆಯ ಮಲಯಾಳಿ ಅಮ್ಮ ಬಾಲ್ಕನಿಯಲ್ಲಿ ನಿಂತು, ಯಾರು ಯಾರನ್ನು ವಾಕಿಂಗಿಗೆ ಒಯ್ಯುತ್ತಿದ್ದೀರಿ ಎಂದು ಕೇಳಿದರು. ಅದೆಲ್ಲ ನಗುವ ಮಾತಾಯಿತು ಬಿಡಿ. ನಗಲಾರದ್ದು ನಡೆದದ್ದು ಒಂದು ಶುಕ್ರವಾರ. ಪಕ್ಕದ ವಿಲ್ಲಾದಲ್ಲಿದ್ದ ಮನೆಯ ಮಾಲೀಕನ ವೃದ್ಧ ತಂದೆ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು ಮಸೀದಿಗೆ ಹೊರಟಿದ್ದರು. ಇದು ಪ್ರೀತಿ ಉಕ್ಕಿ ನನ್ನನ್ನೂ ಎಳೆದುಕೊಂಡು ಹೋಗಿ ಅವರ ಎದೆಗೇ ಎರಡು ಕಾಲಿಟ್ಟು ಮುಖ ನೆಕ್ಕಲು ನೋಡಿತು. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ ಅವರು ನಮಾಜಿಗೆ ನಿಲ್ಲುವಂತಿಲ್ಲ. ಆ ಹಿರಿಯರು ಒಂದು ಮಾತೂ ಬೈಯಲಿಲ್ಲ. ನನ್ನ ಮುಖ ನೋಡಿದರು, ಬಟ್ಟೆ ಬದಲಾಯಿಸಲು ಒಳಗೆ ಹೋದರು. ಆವತ್ತು ಅವರಿಗೆ ಮಸೀದಿಗೆ ತಡವಾಯಿತು.

ಮರುದಿನ ಬೆಳಿಗ್ಗೆ ಗೇಟು ಕಾಯುವ ನಾತೂರ್ ಬಂದು ಮಾಲೀಕನ ಮಾತು ಮುಟ್ಟಿಸಿದ. “ಫಿರ್ ಐಸಾ ಹುವಾ ತೋ ಕುತ್ತಾ ಮಾಫಿ, ಮೇಡಂ. ಖಲಾಸ್.” ಇನ್ನೊಮ್ಮೆ ಹೀಗಾದರೆ ನಾಯಿ ಇಲ್ಲಿರುವಂತಿಲ್ಲ. ನಮ್ಮವರು ಪೇಪರಿನಿಂದ ತಲೆ ಎತ್ತದೆ, “ಸರಿ ಅಲ್ವಾ ಅವನು ಹೇಳುದು? ಎಲ್ಲಿಯಾದ್ರೂ ಬಿಟ್ಟು ಬರುವ” ಅಂದರು.

“ಎಲ್ಲಿಗೆ ಬಿಟ್ಟು ಬರುದು? ಆ ಮರಳಲ್ಲಿಗಾ? ನೀವು ಹೂಂ ಹೇಳಿ ತಂದದ್ದಲ್ವಾ? ನಾನು ಕಲಿಸ್ತೇನೆ, ನೋಡಿ ಬೇಕಾದ್ರೆ.”

“ಅದು ಕಲಿಯುದು, ನೀನು ಕಲಿಸುದು! ಆಯ್ತು ಮಾರಾಯ್ತಿ, ಕಲಿಸು.”

ಹೇಗೆ ಕಲಿಸಬೇಕೆಂದು, ಅದಕ್ಕೆ ಸೂಜಿ ಹಾಕಿಸಲು ಹೋದಾಗ, ಪ್ರಾಣಿಗಳ ಡಾಕ್ಟರು ಎರಡು ಮಾತಿನಲ್ಲಿ ಹೇಳಿದ್ದರು. ಅದು ಎಳೆದರೆ ನೀವು ನಿಲ್ಲಿ, ಹಗ್ಗ ಸಡಿಲ ಬಿಟ್ಟರೆ ನಡೆಯಿರಿ, ಸಡಿಲ ಬಿಟ್ಟು ನಿಮ್ಮ ಮುಖ ನೋಡಿದರೆ ಬಾಯಿಗೆ ಏನಾದರೂ ಹಾಕಿ. ಕೇಳಲು ಎಷ್ಟು ಸುಲಭ! ಗೇಟಿನಿಂದ ಬೀದಿದೀಪದ ಕಂಬ ಕೂಗಳತೆಯ ದೂರವೂ ಇರಲಿಲ್ಲ. ಅಲ್ಲಿಗೆ ತಲುಪಲು ಮೊದಲ ವಾರ ನಮ್ಮಿಬ್ಬರಿಗೂ ಸಾಧ್ಯವೇ ಆಗಲಿಲ್ಲ. ಅದು ಎಳೆಯುವುದು, ನಾನು ಬೇರು ಬಿಟ್ಟಂತೆ ನಿಲ್ಲುವುದು. ಅದು ಎಳೆದು ಎಳೆದು ಕೆಮ್ಮುವುದು, ನಾನು ಆಕಾಶ ನೋಡುವುದು. ಬಿಸಿಲು ಏರುವ ಮೊದಲು ಎದ್ದು ಹೋಗುತ್ತಿದ್ದೆವು, ಆದರೂ ಬೆವರು ಕಣ್ಣಿಗಿಳಿಯುತ್ತಿತ್ತು. ಅಂಗೈ ಚರ್ಮ ಕಿತ್ತು ಬಂತು. ಸಿಟ್ಟು ನೆತ್ತಿಗೇರಿ ಒಂದು ದಿನ, “ಹೋಗು, ಎಲ್ಲಿಗೆ ಬೇಕಾದ್ರೂ ಹಾಳಾಗಿ ಹೋಗು” ಎಂದು ತುಳುವಿನಲ್ಲಿ ಕಿರುಚಿದೆ. ಅದು ನಿಂತು ನನ್ನ ಮುಖವನ್ನೇ ನೋಡಿತು. ಹಗ್ಗ ನಮ್ಮಿಬ್ಬರ ನಡುವೆ ಜೋತಾಡುತ್ತಿತ್ತು.

ಬಾಯಿಗೆ ಹಾಕಲು ಬಿಸ್ಕತ್ತು ಒಯ್ದು ನೋಡಿದೆ, ಮೂಸಿಯೂ ನೋಡಲಿಲ್ಲ. ಅದಕ್ಕೆ ಹುಚ್ಚು ಹಿಡಿಸಿದ್ದು ಒಣ ಸಿಗಡಿ. ಊರಿನಿಂದ ಬರುವಾಗ ಚಟ್ನಿಗೆಂದು ಮೂರು ಪ್ಲಾಸ್ಟಿಕ್ ಸುತ್ತಿ, ಸೀರೆಗಳ ನಡುವೆ ಅಡಗಿಸಿ ತರುತ್ತೇವಲ್ಲ, ಅದೇ. ಊಟಕ್ಕೆ ಏನೂ ರುಚಿಸದ ದಿನಕ್ಕೆಂದು ಕಾದಿಟ್ಟದ್ದು. ಒಂದೊಂದು ಸಡಿಲ ಹಗ್ಗಕ್ಕೆ ಒಂದೊಂದು ಸಿಗಡಿಯಂತೆ ಆ ವರ್ಷದ ಚಟ್ನಿಯೆಲ್ಲ ನಾಯಿಯ ಹೊಟ್ಟೆ ಸೇರಿತು. ಊಟಕ್ಕೆ ಕೂತಾಗ ನಮ್ಮವರು ಚಟ್ನಿ ಎಲ್ಲಿ ಅಂದರು. “ವಿದ್ಯೆಗೆ ಹೋಯ್ತು” ಅಂದೆ.

ಬಿಸಿಲು ಇಳಿದು ಚಳಿಗಾಲ ಕಾಲಿಡುವ ಹೊತ್ತಿಗೆ ಅದು ಕಲಿತಿತ್ತು. ಬೆಕ್ಕು ಎದುರಿಗೆ ಹಾದರೂ ಮೈ ನಡುಗುತ್ತಿತ್ತೇ ಹೊರತು ಹಗ್ಗ ಬಿಗಿಯುತ್ತಿರಲಿಲ್ಲ. ತಿರುಗಿ ನನ್ನ ಮುಖ ನೋಡುತ್ತಿತ್ತು, ನನ್ನ ಕೈ ಚೀಲಕ್ಕೆ ಹೋಗುತ್ತಿತ್ತು. ಒಂದು ಶುಕ್ರವಾರ ಆ ಹಿರಿಯರು ಮಸೀದಿಗೆ ಹೊರಟಾಗ ನಾವು ಗೋಡೆಗೆ ಒತ್ತಿ ನಿಂತೆವು. ಅದು ಅಲುಗಾಡಲಿಲ್ಲ. ಅವರು ದೂರದಿಂದಲೇ, “ಮಾಶಾ ಅಲ್ಲಾ” ಎಂದು ನಕ್ಕು ಹೋದರು. ಮದುವೆಯಾದಂದಿನಿಂದ ನಾನು ಮಾಡಿದ ಯಾವ ಕೆಲಸಕ್ಕೂ ಅಷ್ಟು ಸಂತೋಷಪಟ್ಟಿರಲಿಲ್ಲ. ನಾಯಿ ಉಳಿಯಿತು ಅಂದುಕೊಂಡೆ.

ಇನ್ನು ನಮ್ಮವರ ಒಂದು ಚಾಳಿಯ ಬಗ್ಗೆ ಹೇಳಲೇಬೇಕು. ಅರಬರಲ್ಲಿ ಒಂದು ಮರ್ಯಾದೆ ಉಂಟು. ಅವರ ಮನೆಯಲ್ಲಿ ಯಾವುದಾದರೂ ವಸ್ತುವನ್ನು ನೀವು ಚೆನ್ನಾಗಿದೆ ಎಂದು ಹೊಗಳಿದರೆ, ‘ತಫದ್ದಲ್, ಇದು ನಿಮ್ಮದೇ, ತೆಗೆದುಕೊಳ್ಳಿ’ ಅನ್ನುತ್ತಾರೆ. ಹೊಗಳಿದವರು ಎದೆಯ ಮೇಲೆ ಕೈಯಿಟ್ಟು ಬೇಡವೇ ಬೇಡ ಅನ್ನಬೇಕು. ಅವರು ಮತ್ತೂ ಒತ್ತಾಯಿಸುತ್ತಾರೆ, ಇವರು ಮತ್ತೂ ಬೇಡ ಅನ್ನುತ್ತಾರೆ, ವಸ್ತು ಇದ್ದಲ್ಲೇ ಇರುತ್ತದೆ, ಎಲ್ಲರಿಗೂ ಖುಷಿ. ನಮ್ಮವರು ಅಷ್ಟು ವರ್ಷ ಅಲ್ಲಿದ್ದು ಅರಬ್ಬಿಯಲ್ಲಿ ನಾಲ್ಕು ವಾಕ್ಯ ಕಲಿಯಲಿಲ್ಲ, ಇದೊಂದನ್ನು ಕಲಿತರು. ಆಫೀಸಿನ ಕತಾರಿಯೊಬ್ಬ ಇವರ ಪೆನ್ನು ಚೆಂದ ಅಂದಾಗ ಇವರು ತಫದ್ದಲ್ ಅಂದರಂತೆ, ಅವನು ನಕ್ಕು ಪೆನ್ನನ್ನು ಇವರ ಜೇಬಿಗೇ ಸಿಕ್ಕಿಸಿದನಂತೆ. ಈ ಕತೆಯನ್ನು ಮನೆಗೆ ಬಂದ ನೆಂಟರಿಗೆಲ್ಲ ಹೇಳಿದರು.

ಆ ಚಳಿಗಾಲದಲ್ಲಿ ಇವರ ಕಾಂಟ್ರ್ಯಾಕ್ಟ್ ಮುಗಿಯುವುದರಲ್ಲಿತ್ತು. ಮುಂದುವರಿಸುವುದು ಬಿಡುವುದು ಮ್ಯಾನೇಜರ ಕೈಯಲ್ಲಿ. ಮ್ಯಾನೇಜರು ಮೈಸೂರಿನವರು, ಅಲ್ ರಯ್ಯಾನಿನಲ್ಲಿ ಇಡೀ ವಿಲ್ಲಾದಲ್ಲಿ ಇದ್ದವರು, ಮೊಟ್ಟೆಯನ್ನೂ ಮುಟ್ಟದ ಮನೆ. ಒಂದು ಶುಕ್ರವಾರ ನಮ್ಮವರು ಆ ಗಂಡ ಹೆಂಡತಿಯನ್ನು ನಮ್ಮ ಮನೆಗೆ ಊಟಕ್ಕೆ ಕರೆದರು. ನಾನು ಹಿಂದಿನ ದಿನವೇ ಮೀನಿನ ಪಾತ್ರೆಗಳನ್ನೆಲ್ಲ ತಿಕ್ಕಿ ಬಿಸಿಲಿಗಿಟ್ಟೆ. ಗುಳ್ಳ ಬದನೆಯ ಹುಳಿ, ಪತ್ರೊಡೆ, ಹೆಸರುಬೇಳೆ ಪಾಯಸ ಮಾಡಿದೆ. ಅವರು ಬಂದು ಕಾರಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ನಾನು ನಾಯಿಯನ್ನು ಹೊರಗಿನಿಂದ ಒಳಗೆ ಕರೆತರುತ್ತಿದ್ದೆ. ಅದು ನನ್ನ ಸೀರೆಯ ಬದಿಗೆ ತಾಗಿಕೊಂಡು, ಹಗ್ಗ ನೆಲಕ್ಕೆ ಜೋತುಬಿದ್ದಂತೆ ನಡೆದು ಬಂತು.

“ಅಯ್ಯೋ, ಎಷ್ಟ್ ಮುದ್ದಾಗ್ ಬರುತ್ತೆ ನೋಡ್ರೀ ಇದು!” ಎಂದರು ಮ್ಯಾನೇಜರ ಹೆಂಡತಿ. “ಒಂಚೂರೂ ಎಳೆಯೋದೇ ಇಲ್ವಲ್ಲಾ! ಇಂಥದ್ದೊಂದು ನಮ್ಮನೇಲೂ ಇರಬೇಕಿತ್ತು.”

ನಮ್ಮವರು ಎದೆ ಉಬ್ಬಿಸಿದರು. “ತಫದ್ದಲ್ ಮೇಡಂ! ನಿಮ್ದೇ ಅದು, ತೆಗೊಂಡು ಹೋಗಿ.”

“ನಿಜವಾಗ್ಲೂ? ಅಯ್ಯೋ, ಥ್ಯಾಂಕ್ಸ್ ಕಣ್ರೀ!”

ಅಷ್ಟೇ. ಒಂದು ಸಲವೂ ಬೇಡ ಅನ್ನಲಿಲ್ಲ ಆ ಹೆಂಗಸು. ಅವರನ್ನೇಕೆ ಅನ್ನಲಿ? ಮೈಸೂರಿನಲ್ಲಿ ಕೊಡುತ್ತೇನೆ ಅಂದರೆ ಕೊಡುತ್ತೇನೆ ಎಂದೇ ಅರ್ಥ. ಈ ಅರಬರ ಆಟ ಅವರಿಗೆಲ್ಲಿ ಗೊತ್ತು? ನಮ್ಮವರ ಮುಖ ಒಂದು ಕ್ಷಣ ಪೆಚ್ಚಾಯಿತು. ನಾನು ನೋಡಿದೆ. ಆ ಒಂದು ಕ್ಷಣದಲ್ಲಿ ನಕ್ಕು, ನಾನು ತಮಾಷೆಗೆ ಹೇಳಿದ್ದು ಮೇಡಂ, ಇದು ನನ್ನ ಹೆಂಡತಿಯ ಜೀವ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಅವರು ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ನಗುತ್ತಿದ್ದರು. ಇವರೂ ನಕ್ಕರು.

ಪಾಯಸ ಒಯ್ಯಲು ನಮ್ಮವರು ಒಳಗೆ ಬಂದಾಗ ನಾನು ಅಡುಗೆಮನೆಯ ಬಾಗಿಲು ಹಾಕಿದೆ. “ಎಂತ ಮಾಡಿದ್ದು ನೀವು? ಈಗಲೇ ಹೋಗಿ ಹೇಳಿ, ಕೊಡ್ಲಿಕ್ಕಾಗುದಿಲ್ಲ ಅಂತ.”

“ಹೇಗೆ ಹೇಳುದು ಮಾರಾಯ್ತಿ? ಮಾತು ಕೊಟ್ಟಾಯ್ತಲ್ಲ! ರಿನ್ಯೂವಲ್ ಉಂಟು, ಗೊತ್ತುಂಟಲ್ಲ ನಿಂಗೆ? ಒಂದು ನಾಯಿಗೆ ಇಷ್ಟು ಎಂತದ್ದು?”

“ಅದಕ್ಕೆ ಕಲಿಸಿದ್ದು ನಾನು.”

“ಕಲಿಸಿದ್ದಕ್ಕೇ ಅಲ್ವಾ ಅವರಿಗೆ ಖುಷಿ ಆದದ್ದು? ಮೆಲ್ಲ ಮಾತಾಡು, ಹೊರಗೆ ಕೇಳ್ತದೆ.”

ಹೊರಗೆ ಮ್ಯಾನೇಜರ ಹೆಂಡತಿ ಅದಕ್ಕೆ ತಿನ್ನಲು ಏನು ಕೊಡುತ್ತೀರಿ ಎಂದು ಕೇಳುತ್ತಿದ್ದರು. ಪಾಯಸದ ಪಾತ್ರೆ ಹಿಡಿದು ಹೋದ ನಮ್ಮವರು, “ಬಿಸ್ಕತ್ತು ಮೇಡಂ, ಬರೀ ಬಿಸ್ಕತ್ತು” ಅಂದರು.

ಹೊರಡುವಾಗ ಆಕೆ, “ನೀವೇ ಕಾರ್‌ವರೆಗೂ ಕರ್ಕೊಂಡ್ ಬನ್ರೀ, ನಮ್ಮ ಹತ್ರ ಎಳೆದಾಡಿದ್ರೆ ಕಷ್ಟ” ಅಂದರು. ನಾನೇ ಕರೆದುಕೊಂಡು ಹೋದೆ. ನಾನು ನಿಂತಲ್ಲಿ ಅದು ನಿಂತಿತು, ನಾನು ನಡೆದರೆ ನಡೆಯಿತು, ಕಾರಿನ ಬಾಗಿಲು ತೆರೆದಾಗ ಹತ್ತು ಅಂದೆ, ಹತ್ತಿತು. ನನ್ನ ಕೈಯಿಂದ ಹಗ್ಗ ಹೋಯಿತು. ಹಿಂದಿನ ಗಾಜಿನಲ್ಲಿ ಅದರ ಮುಖ ಕಾಣುತ್ತಿತ್ತು. ಚೀಲದಲ್ಲಿದ್ದದ್ದನ್ನು ಕೊಡುತ್ತೇನೆಂದು ಅದು ಕಾಯುತ್ತಿತ್ತು. ಮ್ಯಾನೇಜರ ಕಾರಿನಲ್ಲಿ ಒಣ ಸಿಗಡಿಯ ವಾಸನೆ ಹೇಗೆ ಮಾಡಲಿ?

ಕಾಂಟ್ರ್ಯಾಕ್ಟ್ ಮುಂದುವರಿಯಿತು. ಮುಂದುವರಿಯದೆ ಏನು ಧಾಡಿ! ನಾನು ಮತ್ತೆ ಗೇಟಿನ ಒಳಗೆ ಉಳಿದೆ. ನಾಯಿ ಹೇಗುಂಟು ಎಂದು ಕೇಳಿದಾಗಲೆಲ್ಲ ನಮ್ಮವರು, “ರಾಜನ ಹಾಗೆ ಉಂಟಂತೆ” ಅನ್ನುತ್ತಿದ್ದರು. ನಾನು ನೋಡಲು ಹೋಗುತ್ತೇನೆ ಅಂದರೆ ಬೇಡ, ಅವರಿಗೆ ಸರಿ ಕಾಣುವುದಿಲ್ಲ ಅನ್ನುತ್ತಿದ್ದರು. ಕೊನೆಗೆ ನೋಡಿದ್ದು ಮುಂದಿನ ದೀಪಾವಳಿಗೆ, ಮ್ಯಾನೇಜರು ಆಫೀಸಿನ ಕನ್ನಡದವರನ್ನೆಲ್ಲ ಮನೆಗೆ ಕರೆದಾಗ. ಹೊರಡುವ ಮೊದಲು ಡಬ್ಬಿಯ ತಳದಲ್ಲಿ ಉಳಿದಿದ್ದ ನಾಲ್ಕಾರು ಸಿಗಡಿಗಳನ್ನು ಕಾಗದದಲ್ಲಿ ಕಟ್ಟಿ ಪರ್ಸಿನಲ್ಲಿಟ್ಟೆ.

ಅಂಗಳದಲ್ಲಿ ಹಣತೆ ಹಚ್ಚಿ ಎಲ್ಲರೂ ನಿಂತಿದ್ದೆವು. ಮ್ಯಾನೇಜರ ಹೆಂಡತಿ ಒಳಗಿನಿಂದ ಅದನ್ನು ಹಗ್ಗ ಹಿಡಿದು ಕರೆತಂದರು. ಬಡಕಲಾಗಿತ್ತು. “ಮೊಸರನ್ನ ಹಾಕ್ತೀವಿ ಕಣ್ರೀ, ಪಾಪ, ಮಾತಾಡ್ದೆ ತಿನ್ನುತ್ತೆ” ಎಂದು ಯಾರಿಗೋ ಹೇಳುತ್ತಿದ್ದರು. ನಾನು ಪರ್ಸಿನ ಕಾಗದ ಬಿಚ್ಚಿ ಒಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅದಕ್ಕೆ ತಿಳಿಯಿತು. ತಲೆ ಎತ್ತಿತು, ಮೂಗು ಅರಳಿತು, ಮೈಯೆಲ್ಲ ಗಡಗಡ ನಡುಗಿತು. ಒಂದು ಹೆಜ್ಜೆ ಮುಂದಿಟ್ಟಿತು. ಎಳೆ ಮಗಾ, ಎಂದೆ ಮನಸ್ಸಿನಲ್ಲಿ. ಎಳೆ, ಆಕೆಯನ್ನು ಕೆಡವಿ ಬಾ, ಈ ಹಣತೆಗಳೆಲ್ಲ ಉರುಳಿ ಹೋಗಲಿ, ಬಾ.

ಹಗ್ಗ ಇನ್ನೇನು ಬಿಗಿಯಬೇಕು ಅನ್ನುವಾಗ ಅದು ನಿಂತಿತು. ಸಡಿಲ ಬಿಟ್ಟಿತು. ಅಂಗಳದ ಆಚೆಯಿಂದ ನನ್ನ ಮುಖವನ್ನೇ ನೋಡುತ್ತ ಕೂತುಕೊಂಡಿತು.

ನಾನು ಹೇಳಿಕೊಟ್ಟದ್ದನ್ನು ಒಂದಿಷ್ಟೂ ತಪ್ಪದೆ ಮಾಡಿ, ಸಿಗಬೇಕಾದದ್ದಕ್ಕೆ ಕಾಯುತ್ತಿತ್ತು. ನಾನು ಕಾಲೆತ್ತಿದೆ. ನಮ್ಮವರ ಕೈ ನನ್ನ ಮೊಣಕೈಯನ್ನು ಹಿಡಿದುಕೊಂಡಿತು. “ಇಲ್ಲಿ ಬೇಡ” ಎಂದು ಕಿವಿಯ ಹತ್ತಿರ ಪಿಸುಗುಟ್ಟಿದರು.

“ನೋಡಿದ್ರಾ ಡಿಸಿಪ್ಲಿನ್ನು?” ಎಂದರು ಮ್ಯಾನೇಜರ ಹೆಂಡತಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದನ್ನು ಒಳಗೆ ಕರೆದುಕೊಂಡು ಹೋಗುವಾಗ ಅದು ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ನಡೆಯಿತು. ಬಾಗಿಲು ಹಾಕುವವರೆಗೂ ಹಗ್ಗ ಬಿಗಿಯಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ನಮ್ಮವರು ಮೂಗು ಮುರಿದರು. “ಎಂತದ್ದು ಮಾರಾಯ್ತಿ ಈ ವಾಸನೆ?”

ನನ್ನ ಅಂಗೈಯಲ್ಲಿ ಸಿಗಡಿ ಪುಡಿಯಾಗಿ ಬೆವರಿಗೆ ಅಂಟಿಕೊಂಡಿತ್ತು. “ನಿಮ್ಮ ಕಾಂಟ್ರ್ಯಾಕ್ಟಿಂದು” ಅಂದೆ.

ಅವರು ಕಿಟಕಿಯ ಗಾಜು ಇಳಿಸಿದರು.